ಒಂಬತ್ತನೆಯ ಎರಕ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಪ್ರತಿ ಗುರುವಾರ ಬೆಳಿಗ್ಗೆ ಅಪ್ಪ ಪೇಪರಿನೊಳಗೆ ಮುಖ ಹುದುಗಿಸಿ ಕೂತಿರುವಾಗ, ದಾರ ಕತ್ತರಿಸುವ ಚಾಕುವಿನ ತುದಿಯಿಂದ ನಮ್ಮ ಮೇಣದಬತ್ತಿ ಮೆಷಿನ್ನಿನ ಹ್ಯಾಂಡಲ್ ಬುಡದ ಸ್ಕ್ರೂವನ್ನು ಕಾಲು ಸುತ್ತು ಸಡಿಲ ಮಾಡುತ್ತಿದ್ದವಳು ನಾನು. ನನಗಾಗ ನಲವತ್ತೊಂದು ವರ್ಷ. ನನ್ನ ಮದುವೆಯ ಮಾತೆತ್ತುವುದನ್ನು ಮನೆಯವರು ಬಿಟ್ಟು ಹತ್ತು ವರ್ಷವಾಗಿತ್ತು, ನಾನು ಬಿಟ್ಟು ಹನ್ನೆರಡು. ಇಂಥ ವಯಸ್ಸಿನಲ್ಲಿ ಇಂಥ ಬುದ್ಧಿ ಯಾಕೆ ಬಂತು ಎಂದರೆ, ಮೆಷಿನ್ ಕೆಟ್ಟರೆ ರಿಪೇರಿಯವನು ಬರುತ್ತಿದ್ದ. ಕೆಡದಿದ್ದರೆ ಬರುತ್ತಿರಲಿಲ್ಲ.

ಮೆಷಿನ್ ಎಂದರೆ ಭಾರೀ ಏನಲ್ಲ. ಊಟದ ಮೇಜಿನಷ್ಟು ಉದ್ದದ ಕಬ್ಬಿಣದ ತೊಟ್ಟಿ, ಅದರೊಳಗೆ ಸಾಲಾಗಿ ನಿಂತ ಅರವತ್ತು ತವರದ ಕೊಳವೆ, ಅಡಿಯಲ್ಲಿ ಅರವತ್ತು ದಾರದ ರೀಲು. ದಾರ ಕೆಳಗಿನಿಂದ ಹೊಕ್ಕು ಕೊಳವೆಯ ನಟ್ಟನಡುವೆ ಹಾದು ಮೇಲೆ ಬರುತ್ತದೆ. ಕರಗಿದ ಮೇಣ ಸುರಿದು, ಕೊಳವೆಗಳ ಸುತ್ತ ತಣ್ಣೀರು ಬಿಟ್ಟು, ಇಪ್ಪತ್ತು ನಿಮಿಷ ಕಾದು ಹ್ಯಾಂಡಲ್ ತಿರುಗಿಸಿದರೆ ಅರವತ್ತೂ ಬತ್ತಿಗಳು ಒಟ್ಟಿಗೆ ತಲೆ ಎತ್ತುತ್ತವೆ. ಏಳುವಾಗ ಮುಂದಿನ ಎರಕಕ್ಕೆ ಬೇಕಾದ ದಾರವನ್ನೂ ತಾವೇ ಎಳೆದುಕೊಂಡು ಬರುತ್ತವೆ. ಹದಿನೆಂಟು ವರ್ಷದಿಂದ ದಿನಕ್ಕೆ ಹತ್ತು ಸಲ ಅದನ್ನು ನೋಡಿದ್ದೇನೆ. ಇವತ್ತಿಗೂ ಆ ಗಳಿಗೆಯಲ್ಲಿ ನನಗೆ ಹುಚ್ಚು ಖುಷಿಯಾಗುತ್ತದೆ.

ಅದನ್ನು ಜೋಡಿಸಿದ್ದು ಅಪ್ಪ. ಬಾಗಿಲು ಮುಚ್ಚಿದ ಕಾರ್ಖಾನೆಯೊಂದರಿಂದ ಬಿಡಿಬಿಡಿಯಾಗಿ ತಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ತಿಂಗಳು ಕೂತು, ಒಂದೊಂದು ತಿರುಪನ್ನೂ ತಾನೇ ಹಾಕಿದ್ದ. ಯಾರನ್ನೂ ಹತ್ತಿರ ಬಿಟ್ಟುಕೊಂಡವನಲ್ಲ. ಒಂದು ಸಲ ಗೇರಿನ ಹಲ್ಲು ಮುರಿದಾಗ ಮಾತ್ರ ಬೇರೆ ದಾರಿಯಿಲ್ಲದೆ ಪಕ್ಕದ ಬೀದಿಯ ರಿಪೇರಿಯವನನ್ನು ಕರೆಸಿದ. ಅಲ್ಲಿಂದ ಶುರುವಾಯಿತು ನನ್ನ ಕಾಯಿಲೆ.

ನೋಡುವುದಕ್ಕೆ ಅವನಲ್ಲಿ ಅಂಥದ್ದೇನೂ ಇರಲಿಲ್ಲ. ನನಗಿಂತ ಮೂರು ವರ್ಷ ದೊಡ್ಡವನು, ಒಬ್ಬಂಟಿ, ಉಗುರಿನಲ್ಲಿ ಗ್ರೀಸು. ಮಾತೂ ಕಮ್ಮಿ. ನಮ್ಮ ಚಿಕ್ಕಮ್ಮ, ಅಂದರೆ ಅಮ್ಮ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದು ಡಬ್ಬಿ ತುಂಬುವ ಕೆಲಸ ನೋಡಿಕೊಳ್ಳುವವಳು, ಅವನಿಗೆ ಮೌನವ್ರತ ಎಂದು ಹೆಸರಿಟ್ಟಿದ್ದಳು. ಆದರೆ ಅವನು ಮೆಷಿನ್ನಿನ ಮೈ ಸವರಿ, ಕಿವಿಯಿಟ್ಟು ಕೇಳಿ, ನನ್ನ ಕಡೆ ತಿರುಗಿ, “ನೀರು ಜಾಸ್ತಿ ತಣ್ಣಗಿದ್ರೆ ಬತ್ತಿ ಬಿರುಕು ಬಿಡುತ್ತೆ, ಸ್ವಲ್ಪ ಬೆಚ್ಚಗಿರ್ಲಿ,” ಎಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಒಂದು ವಾಕ್ಯವನ್ನು ವಾರವಿಡೀ ಮೆಲುಕು ಹಾಕಿದೆ. ಇದರಲ್ಲಿ ಏನಿದೆ ಎಂದು ಕೇಳಬೇಡಿ. ನನಗೇ ಗೊತ್ತಿಲ್ಲ.

ಹೀಗೆ ಎಂಟು ತಿಂಗಳು ನಡೆಯಿತು. ಹ್ಯಾಂಡಲ್ ಗಿರಗಿರ ಸುತ್ತುವುದು, ಬತ್ತಿ ಮೇಲೇಳದಿರುವುದು, ನಡುನಡುವೆ ತಾನಾಗಿಯೇ ಪೈಪು ಸೋರುವುದು, ಅಪ್ಪ ತಲೆಯ ಮೇಲೆ ಕೈ ಹೊತ್ತುಕೊಳ್ಳುವುದು, ಅವನು ಬರುವುದು, ನಾನು ಕನ್ನಡಿ ನೋಡಿಕೊಳ್ಳುವುದು. ನನ್ನ ಸಂಭ್ರಮದಲ್ಲಿ ನಾನಿದ್ದೆ. ಅಪ್ಪನ ಮುಖ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಕೊನೆಗೆ ನಮ್ಮಿಂದ ಬತ್ತಿ ಕೊಳ್ಳುತ್ತಿದ್ದ ಹೋಟೆಲಿನವರು ಎರಡನೆಯ ಸಲವೂ ಸರಕು ತಡವಾಯಿತೆಂದು ಬೇರೆ ಕಡೆ ಹೋದರು. ಮಾರನೆಯ ದಿನ ಗುರುವಾರ. ಅಪ್ಪ ಪೇಪರ್ ಮುಟ್ಟಲಿಲ್ಲ. ಮೆಷಿನ್ನಿನ ಮುಂದೆ ಬಂದು ನಿಂತು ಹೇಳಿದ:

“ಇವತ್ತು ಹತ್ತು ಎರಕ ಹಾಕ್ತೀವಿ. ಒಂದೇ ಒಂದು ಕೈಕೊಟ್ರೂ ಮುಗೀತು. ಗುಜರಿಯವನಿಗೆ ನಾಲ್ಕು ಗಂಟೆಗೆ ಬರೋಕೆ ಹೇಳಿದ್ದೀನಿ.”

“ಗುಜರಿಗಾ?” ಎಂದು ಚಿಕ್ಕಮ್ಮ ಬಾಯಿಯ ಮೇಲೆ ಕೈಯಿಟ್ಟಳು. “ಭಾವ, ಸ್ವಂತ ಕೈಯಿಂದ ಮಾಡಿದ್ದಲ್ವಾ?”

“ಅದಕ್ಕೇ,” ಎಂದ ಅಪ್ಪ.

ನಿಂತಲ್ಲೇ ಯೋಚನೆ ಮಾಡಿದೆ. ಹತ್ತೂ ಎರಕ ಸರಿಯಾಗಿ ಬಂದರೆ ಮೆಷಿನ್ ಗಟ್ಟಿಯಾಗಿದೆ ಎಂದಾಗುತ್ತದೆ, ಅವನು ಬರುವುದಿಲ್ಲ. ಒಂದು ಎರಕ ಕೈಕೊಟ್ಟರೆ ಮೆಷಿನ್ನೇ ಇರುವುದಿಲ್ಲ, ಆಗಲೂ ಅವನು ಬರುವುದಿಲ್ಲ. ಹೇಗೆ ತಿರುಗಿಸಿ ನೋಡಿದರೂ ಅವನು ಬಾರದ ಕಡೆಗೇ ಬಂದು ನಿಲ್ಲುತ್ತಿತ್ತು. ಇರಲಿ, ಮೆಷಿನ್ನಾದರೂ ಉಳಿಯಲಿ ಎಂದುಕೊಂಡೆ. ಅಪ್ಪ ಆ ಕಡೆ ತಿರುಗಿದಾಗ ಸ್ಕ್ರೂವನ್ನು ನನ್ನ ಜೀವವೆಲ್ಲ ಬಿಟ್ಟು ಬಿಗಿ ಮಾಡಿದೆ.

ಮೊದಲನೆಯ ಎರಕ ಬೆಣ್ಣೆಯ ಹಾಗೆ ಬಂತು. ಎರಡನೆಯದೂ ಬಂತು. ನಾಲ್ಕನೆಯದರ ಹೊತ್ತಿಗೆ ಚಿಕ್ಕಮ್ಮ ಡಬ್ಬಿ ತುಂಬುವುದನ್ನು ಬಿಟ್ಟು ಹ್ಯಾಂಡಲ್ ಪಕ್ಕದಲ್ಲೇ ಬಂದು ನಿಂತಿದ್ದಳು. ಐದನೆಯದು ಬಂದಾಗ ನಾನು ಕುಣಿಯಲು ಹೋಗಿ, ಮೇಣ ಚೆಲ್ಲಿ ನುಣ್ಣಗಾಗಿದ್ದ ನೆಲದ ಮೇಲೆ ಜಾರಿ, ಬಾಗಿಲಿನವರೆಗೂ ಕೂತುಕೊಂಡೇ ಹೋದೆ. ಆರನೆಯದಕ್ಕೆ ಊಟದ ಹೊತ್ತು ಮೀರಿತು, ಯಾರಿಗೂ ಹಸಿವಿನ ನೆನಪಿರಲಿಲ್ಲ. ಏಳನೆಯದು ಬಂದಾಗ ಅಪ್ಪನ ಮೀಸೆಯ ತುದಿ ಅಲ್ಲಾಡಿತು. ಅದು ನಗುವಿನ ಹತ್ತಿರ ಹತ್ತಿರ ಬಂದಿತ್ತು, ನಾನು ಕಣ್ಣಾರೆ ಕಂಡೆ.

ಎಂಟನೆಯದು ತಣ್ಣಗಾಗುತ್ತಿರುವಾಗ ಗುಜರಿಯವನು ಮುಂಚಿತವಾಗಿಯೇ ಬಂದ. ದಪ್ಪ ಆಳು, ಹೆಗಲ ಮೇಲೆ ಹಗ್ಗ. ಸ್ಟೂಲಿನ ಮೇಲೆ ಕೂತ. ಎಂಟನೆಯ ಎರಕದ ಅರವತ್ತು ಬತ್ತಿಗಳು ಒಟ್ಟಿಗೆ ಮೇಲೆದ್ದದ್ದೇ ತಡ, “ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ! ಇನ್ನೊಂದ್ಸಲ ಮಾಡಿ!” ಎಂದ. ತಾನು ಯಾಕೆ ಬಂದಿದ್ದೇನೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಒಂಬತ್ತನೆಯದಕ್ಕೆ ಮೇಣ ಸುರಿದೆವು. ಅಪ್ಪ ನೀರಿನ ನಲ್ಲಿ ತಿರುಗಿಸಿದ. ತೊಟ್ಟಿಯ ಅಡಿಯಿಂದ ಟುಸ್ಸೆಂದು ಒಂದು ಸದ್ದು ಬಂತು, ಹಿಂದೆಯೇ ನೀರು ಕಾರಂಜಿಯಾಗಿ ಚಿಮ್ಮಿ ಅಪ್ಪನ ಕನ್ನಡಕ, ಮೀಸೆ, ಅಂಗಿ ಎಲ್ಲವನ್ನೂ ತೋಯಿಸಿತು. ಪುಣ್ಯಕ್ಕೆ ದಾರದ ರೀಲುಗಳಿಗೆ ತಾಗಲಿಲ್ಲ. ಅಪ್ಪ ನಲ್ಲಿ ಮುಚ್ಚಿ, ಕನ್ನಡಕ ತೆಗೆದು, ಒದ್ದೆ ಅಂಗಿಯಿಂದಲೇ ಒರೆಸಿಕೊಂಡ. ಚಿಕ್ಕಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ರಿಪೇರಿಯವನನ್ನು ಕರೆಯಲು ಓಡಿದಳು.

ಈ ಸಲ ನಾನೇನೂ ಮಾಡಿರಲಿಲ್ಲ!

ಐದು ನಿಮಿಷದಲ್ಲಿ ಅವನು ಓಡಿಬಂದ. ಕೈಯಲ್ಲಿ ಹಿಡಿ ತುಂಬುವಷ್ಟು ದೊಡ್ಡ ಒಂದು ಸ್ಪ್ಯಾನರ್, ಅಷ್ಟೇ. ಸೀದಾ ಮೆಷಿನ್ನಿನ ಕೆಳಗೆ ನುಸುಳಿದ. ಟಾರ್ಚ್ ಹಿಡಿಯುವ ನೆಪದಲ್ಲಿ ನಾನೂ ಹಿಂದೆಯೇ ನುಸುಳಿದೆ. ಅರವತ್ತು ರೀಲುಗಳ ನಡುವೆ ಇಬ್ಬರೂ ಅಂಗಾತ ಮಲಗಿದೆವು. ಹೊರಗೆ ಅಪ್ಪನ ಚಪ್ಪಲಿ, ಗುಜರಿಯವನ ಬೂಟು, ಚಿಕ್ಕಮ್ಮನ ಕೆಸರು ಪಾದ ಸಾಲಾಗಿ ಕಾಣುತ್ತಿದ್ದವು. ಅವನು ಶರ್ಟಿನ ಜೇಬಿನಿಂದ ಒಂದು ಹೊಸ ರಬ್ಬರ್ ವಾಷರ್ ತೆಗೆದ.

“ನಿಮ್ಮ ಸಾಮಾನಿನ ಪೆಟ್ಟಿಗೆ ಎಲ್ಲಿ?” ಎಂದು ಪಿಸುಗುಟ್ಟಿದೆ.

“ಮನೇಲಿದೆ.”

“ಏನು ಕೆಟ್ಟಿದೆ ಅಂತ ಚಿಕ್ಕಮ್ಮ ಹೇಳಿದ್ಲಾ?”

“ಮೆಷಿನ್ ಕೆಟ್ಟಿದೆ, ಬೇಗ ಬಾ ಅಂದ್ರು.”

“ಮತ್ತೆ ವಾಷರ್ರೇ ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅವನು ಸ್ಪ್ಯಾನರ್ ಎತ್ತಿಕೊಂಡ. ಪೈಪಿನ ಗಂಟು ಬಿಚ್ಚಿದ. ಒಳಗಿನಿಂದ ತೊಯ್ದು ಮುದ್ದೆಯಾದ ಹಳೆಯ ವಾಷರ್ ನನ್ನ ಅಂಗೈ ಮೇಲೆ ಬಿತ್ತು. ಅದು ರಬ್ಬರ್ ಆಗಿರಲಿಲ್ಲ. ರಟ್ಟು. ಅದರ ಮೇಲೆ ಅರ್ಧ ಕೆಂಪು ಜ್ವಾಲೆಯ ಚಿತ್ರವಿತ್ತು. ದಿನಕ್ಕೆ ನೂರು ಸಲ ನೋಡುವ ನನಗೆ ಅದು ಗೊತ್ತಾಗದಿರುತ್ತದೆಯೇ?

“ಇದು ನಮ್ಮ ಡಬ್ಬಿ ರಟ್ಟು,” ಎಂದೆ.

“ಹೌದು. ನಿಮ್ಮ ಮೇಜಿನ ಮೇಲೆ ಬಿದ್ದಿತ್ತು.”

“ರಬ್ಬರ್ ಹಾಕೋ ಕಡೆ ರಟ್ಟು ಹಾಕಿದ್ದೀರಾ? ಬೇಕು ಅಂತ?”

ಟಾರ್ಚಿನ ಬೆಳಕಿನಲ್ಲಿ ಅವನ ಕಿವಿ ಮೆಣಸಿನಕಾಯಿಯಷ್ಟು ಕೆಂಪಾಗಿತ್ತು. “ರಟ್ಟು ಹತ್ತು ದಿನ ತಡೆಯುತ್ತೆ,” ಎಂದ. ಹೊಸ ವಾಷರ್ ಕೂರಿಸಿ ಗಂಟು ಬಿಗಿಯುತ್ತ, “ನಿಮ್ಮನ್ನ ನೋಡದೆ ನಾನೂ ಅಷ್ಟೇ,” ಎಂದ. “ಆದ್ರೆ ಗುರುವಾರದ ಸ್ಕ್ರೂ ನಾನಲ್ಲ. ಅದು ಯಾಕೆ ಸಡಿಲ ಆಗುತ್ತೆ ಅಂತ ನನಗಿನ್ನೂ ಗೊತ್ತಾಗಿಲ್ಲ.”

“ಅದು ನಾನು,” ಎಂದೆ.

ಅವನು ತಿರುಗಿ ನೋಡಿದ. ನಾನು ಅವನನ್ನು ನೋಡಿದೆ. ಯಾರು ಮೊದಲು ಶುರು ಮಾಡಿದರೋ ತಿಳಿಯದು, ನಗು ಉಕ್ಕಿಬಂತು. ಸದ್ದಾಗಬಾರದೆಂದು ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅವನು ಎದ್ದು ಕೂರಲು ಹೋಗಿ ತೊಟ್ಟಿಗೆ ಹಣೆ ಹೊಡೆಸಿಕೊಂಡ, ಅದಕ್ಕೆ ಇನ್ನಷ್ಟು ನಗು. ರೀಲುಗಳು ಗಡಗಡ ಅಲ್ಲಾಡಿದವು. ಎಂಟು ತಿಂಗಳು ಒಂದು ಬಡಪಾಯಿ ಮೆಷಿನ್ನನ್ನು ಇಬ್ಬರೂ ಸೇರಿ ಹಿಂಸೆ ಮಾಡಿದ್ದೆವು, ಒಬ್ಬರಿಗೊಬ್ಬರು ಹೇಳದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಂಥ ಸುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಅಪ್ಪನ ದನಿ ಕೇಳಿಸಿತು. “ಹಗ್ಗ ಕಟ್ಟಪ್ಪ. ತಗೊಂಡು ಹೋಗು.”

“ಯಜಮಾನ್ರೇ, ಇನ್ನೊಂದ್ಸಲ ಯೋಚನೆ ಮಾಡಿ,” ಎಂದ ಗುಜರಿಯವನು.

“ಏನೂ ಇಲ್ಲ. ಕಟ್ಟು.”

ಹಗ್ಗದ ತುದಿ ನನ್ನ ಕಣ್ಣ ಮುಂದೆಯೇ ನೆಲಕ್ಕೆ ಬಿತ್ತು. ನಗು ಎಲ್ಲಿ ಹೋಯಿತೋ. ತೆವಳಿಕೊಂಡು ಹೊರಗೆ ಬಂದೆ, ತಲೆಯ ತುಂಬ ದಾರದ ಎಳೆ.

“ಅಪ್ಪಾ, ಮೆಷಿನ್ ಕೆಟ್ಟಿಲ್ಲ. ಸ್ಕ್ರೂ ಸಡಿಲ ಮಾಡ್ತಿದ್ದದ್ದು ನಾನು. ಪ್ರತಿ ಗುರುವಾರ. ಇವ್ರು ಬರ್ಲಿ ಅಂತ.”

ಹಿಂದಿನಿಂದ ಅವನೂ ಎದ್ದು ನಿಂತ, ಹಣೆಯಲ್ಲಿ ಬುಗುಟು. “ವಾಷರ್ ನಾನು,” ಎಂದ.

ಚಿಕ್ಕಮ್ಮ ನನ್ನನ್ನೂ ಅವನನ್ನೂ ಬಿಟ್ಟ ಕಣ್ಣಿನಿಂದ ನೋಡಿದಳು. ಅಪ್ಪ ಕೂಗಾಡುತ್ತಾನೆ ಎಂದು ಕಾದೆ. ಅವನು ಕೂಗಾಡಲಿಲ್ಲ.

“ಆ ಸ್ಕ್ರೂನ ಪ್ರತಿ ಬುಧವಾರ ಸಾಯಂಕಾಲ ನಾನೇ ಬಿಗಿ ಮಾಡ್ತಿದ್ದೆ,” ಎಂದ ಮೆಲ್ಲಗೆ. “ಇದ್ದ ಶಕ್ತಿ ಎಲ್ಲಾ ಹಾಕಿ. ಬೆಳಿಗ್ಗೆ ನೋಡಿದ್ರೆ ಸಡಿಲ. ಕೈಯಲ್ಲಿ ಕಸುವು ಹೋಯ್ತು ಅಂದ್ಕೊಂಡೆ ಕಣೇ. ಒಂದು ಸ್ಕ್ರೂ ತಿರುಗಿಸೋಕೆ ಆಗದವನಿಗೆ ಮೆಷಿನ್ ಯಾಕೆ ಅಂತ...”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟು ದಿನವೂ ನನ್ನ ಕುಣಿತವನ್ನೆಲ್ಲ ಅಪ್ಪನ ಎದೆಯ ಮೇಲೆಯೇ ಕುಣಿದಿದ್ದೆ. “ತಪ್ಪಾಯ್ತಪ್ಪಾ,” ಎಂದು ಅವನ ಒದ್ದೆ ತೋಳನ್ನು ಹಿಡಿದುಕೊಂಡೆ, ಅಳು ತಡೆಯಲಿಲ್ಲ.

ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಮಗುಚಿ, ಬೆರಳು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದ.

“ಹಾಗಾದ್ರೆ ಇವು ಸರಿಯಾಗೇ ಇವೆ?” ಎಂದ.

“ಸರಿಯಾಗೇ ಇವೆ. ಆ ಸ್ಕ್ರೂ ಸಡಿಲ ಮಾಡೋಕೆ ನಾನು ಒದ್ದಾಡಿಹೋಗ್ತಿದ್ದೆ!”

ಆಗ ಮೀಸೆ ಅಲ್ಲಾಡಿತು. ಮೊದಲು ಮೀಸೆ, ಆಮೇಲೆ ಹೊಟ್ಟೆ, ಆಮೇಲೆ ಇಡೀ ಅಪ್ಪ. ಅವನು ನಗುವುದನ್ನು ನೋಡಿ ಚಿಕ್ಕಮ್ಮ ನಕ್ಕಳು, ಯಾಕೆ ಏನು ಎಂದು ಪೂರ್ತಿ ತಿಳಿಯದ ಗುಜರಿಯವನು ಎಲ್ಲರಿಗಿಂತ ಜೋರಾಗಿ ನಕ್ಕ. ಅಪ್ಪ ನಗುತ್ತಲೇ ಹೋಗಿ ನೀರಿನ ನಲ್ಲಿ ತಿರುಗಿಸಿದ. ಹೊಸ ವಾಷರ್ ಗಟ್ಟಿಯಾಗಿ ಕೂತಿತ್ತು, ಒಂದು ಹನಿಯೂ ಸೋರಲಿಲ್ಲ.

ಆಮೇಲೆ ಅಪ್ಪ ರಿಪೇರಿಯವನ ಕಡೆ ತಿರುಗಿದ. “ಎಂಟು ತಿಂಗಳಲ್ಲಿ ಇವಳ ಹತ್ರ ಏನೇನು ಮಾತಾಡಿದ್ದೀಯಪ್ಪ?”

“ನೀರಿನ ಬಿಸಿ ವಿಷಯ,” ಎಂದ ಅವನು.

“ಬೇರೆ?”

“ಗ್ರೀಸ್ ಹಾಕೋದು ಹೇಗೆ ಅಂತ.”

“ಭೇಷ್!” ಎಂದ ಅಪ್ಪ. “ನೋಡು, ಈ ಮೇಣ ಗಟ್ಟಿಯಾಗೋಕೆ ಇಪ್ಪತ್ತು ನಿಮಿಷ ಇದೆ. ಕೇಳೋದಿದ್ರೆ ಅಷ್ಟರೊಳಗೆ ಕೇಳು. ನಾನು ಹ್ಯಾಂಡಲ್ ತಿರುಗಿಸಿದ ಮೇಲೆ ಇಲ್ಲಿ ನಿನಗೆ ಕೆಲಸ ಇಲ್ಲ.”

ಅದು ನನ್ನ ಬದುಕಿನ ಅತಿ ಉದ್ದದ ಇಪ್ಪತ್ತು ನಿಮಿಷ. ಅವನು ಸ್ಪ್ಯಾನರನ್ನು ಬಲಗೈಯಿಂದ ಎಡಗೈಗೆ ದಾಟಿಸಿದ. ಎಡಗೈಯಿಂದ ಬಲಗೈಗೆ ದಾಟಿಸಿದ. ಪೈಪು ನೋಡಿದ, ಚಾವಣಿ ನೋಡಿದ, ಎರಡು ಸಲ ಕೆಮ್ಮಿದ. ಗುಜರಿಯವನು ಹಗ್ಗ ಹಿಸುಕುತ್ತ ಸ್ಟೂಲಿನ ತುದಿಗೆ ಬಂದು ಕೂತಿದ್ದ. ಹತ್ತು ನಿಮಿಷವಾಯಿತು, ಹದಿನೈದಾಯಿತು. “ಅಯ್ಯೋ, ಬಾಯಿ ಬಿಡೋ ಮಾರಾಯ!” ಎಂದು ಚಿಕ್ಕಮ್ಮ ಗೋಗರೆದಳು. ನನಗಂತೂ ಎಳೆದು ಒಂದು ಬಾರಿಸಬೇಕು ಅನ್ನಿಸಿತು, ಅವನ ಮೇಲಿನ ಮುದ್ದಿನಿಂದಲೇ. ಅಪ್ಪ ಗಡಿಯಾರ ನೋಡಿ, ಗಂಟಲು ಸರಿಮಾಡಿಕೊಂಡು, ಹ್ಯಾಂಡಲ್ ಮೇಲೆ ಕೈಯಿಟ್ಟ.

“ಮೆಷಿನ್ ಸರಿಯಾಗಿದ್ರೂ...” ಎಂದ ಅವನು ನನ್ನ ಮುಖ ನೋಡಿ, ಒಂದೇ ಉಸಿರಿಗೆ. “ಸರಿಯಾಗಿದ್ರೂ ನಾನು ಬರಬಹುದಾ?”

ಬನ್ನಿ ಎನ್ನಲೆಂದೇ ಬಾಯಿ ತೆರೆದೆ. “ಬಾ,” ಎಂದುಬಿಟ್ಟೆ, ಅಷ್ಟು ಜನರೆದುರಿಗೆ.

ಅಪ್ಪ ಹ್ಯಾಂಡಲ್ ತಿರುಗಿಸಿದ. ಅರವತ್ತು ಬತ್ತಿಗಳು ಬೆಳ್ಳಗೆ, ನೆಟ್ಟಗೆ, ಒಂದೂ ಹಿಂದುಳಿಯದೆ ಮೇಲೆದ್ದು ನಿಂತವು. ಅಪ್ಪ ಅವುಗಳನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದ, ಹ್ಯಾಂಡಲ್ ಮೇಲಿದ್ದ ತನ್ನ ಕೈಯನ್ನು ನೋಡಿದ, ಆಮೇಲೆ ಎಲ್ಲರ ಕಡೆ ತಿರುಗಿದ.

“ಹತ್ತನೇದು ಊಟ ಆದ್ಮೇಲೆ ಹಾಕೋಣ,” ಎಂದ. “ನೀನೂ ಕೈ ತೊಳ್ಕೊಂಡು ಬಾರಪ್ಪ, ಎಲ್ಲರೂ ಒಟ್ಟಿಗೇ ಕೂರೋಣ.”