ಮಿರಿಯಾಮ ಬ್ಯಾಟರಿ ಬದಲಿಸಿದ್ದು

ಸಿಗರೇಟು ಬಿಡುತ್ತೇನೆ ಎಂದು ಒಮ್ಮೆಯಾದರೂ ಹೇಳದ ಸೇದುವವರು ನಮ್ಮ ಬ್ಲಫ್ ಎಂಬ ಬಂದರು ಊರಿನಲ್ಲಿ ಇಲ್ಲ. ಹೊಸ ವರ್ಷಕ್ಕೆ ಹೇಳುತ್ತಾರೆ, ಕೆಮ್ಮು ಹಿಡಿದಾಗ ಹೇಳುತ್ತಾರೆ, ಯಾರನ್ನಾದರೂ ಮಣ್ಣು ಮಾಡಿ ಬಂದ ದಿನ ಹೇಳುತ್ತಾರೆ. ಮಿರಿಯಾಮ ಹೇಳಿದ್ದು ಕೋರಾಳನ್ನು ಮಣ್ಣು ಮಾಡಿದ ದಿನ.

ನಾನು, ಮಿರಿಯಾಮ, ಕೋರಾ ಮೂವರೂ ಬಂದರಿನ ಶೆಡ್ಡಿನಲ್ಲಿ ಸಿಂಪಿ ಬಿಡಿಸುವವರು. ದೋಣಿಗಳು ತಂದು ಸುರಿದ ಸಿಂಪಿಗಳ ಬಾಯನ್ನು ಗಿಡ್ಡ ಚಾಕುವಿನಿಂದ ತೆರೆದು ಒಳಗಿನ ಮಾಂಸ ತೆಗೆಯುವ ಕೆಲಸ. ಬೆಳಗಿನಿಂದ ನಿಂತೇ ಇರಬೇಕು. ಹತ್ತು ಗಂಟೆಗೆ ಚಹಾ ಬಿಡುವು. ಸೇದದ ನಾವು ಉಳಿದವರು ಒಳಗೆ ಹೀಟರ್ ಪಕ್ಕ ಕೂತು ಚೀಸ್ ರೋಲ್ ತಿನ್ನುತ್ತಿದ್ದೆವು. ಮಿರಿಯಾಮ ಮತ್ತು ಕೋರಾ ಮಾತ್ರ ಹೊರಗೆ ಹೋಗಿ ಗೋಡೆಯ ಮರೆಯಲ್ಲಿ ತಂಬಾಕು ಸುತ್ತಿ ಸೇದುತ್ತಿದ್ದರು. ಇಪ್ಪತ್ತಾರು ವರ್ಷ ಹಾಗೇ ನಡೆಯಿತು. ಮಿರಿಯಾಮ ಮದುವೆಯಾಗಿರಲಿಲ್ಲ. ತಮ್ಮ ಎರುವೇರಾ ಕಡಲೇಡಿ ಹಿಡಿಯುವ ದೋಣಿಯಲ್ಲಿದ್ದ, ಎರಡು ಮೂರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ದಿನದಲ್ಲಿ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಆ ಗೋಡೆಯ ಮರೆಯ ಹದಿನೈದು ನಿಮಿಷ ಮಾತ್ರ ಎಂದು ನನಗೆ ಆಗ ಗೊತ್ತಿರಲಿಲ್ಲ.

ಕೋರಾ ಶ್ವಾಸಕೋಶದ ಕಾಯಿಲೆಯಿಂದ ಹೋದಳು. ಮಣ್ಣು ಮುಗಿಸಿ ಊಟಕ್ಕೆ ಕೂತಾಗ ಮಿರಿಯಾಮ ನನ್ನ ಕಡೆ ನೋಡದೆ, "ನಾನು ಬಿಡ್ತೀನಿ ಕಣೆ," ಎಂದಳು.

"ಬಿಡು. ಒಳ್ಳೇದು," ಎಂದೆ ನಾನು. ಅಷ್ಟೇ ಹೇಳಿದೆ.

ಬಿಡುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ದಡಕ್ಕೆ ಬಂದಿದ್ದ ಎರುವೇರಾನನ್ನು ಕೇಳಿದಳು. ಅವನು ಮೇಜಿನ ಖಾನೆಯಿಂದ ಕಬ್ಬಿಣದ ಕೊಳವೆಯಂಥ ಒಂದು ವೇಪ್, ಅಂದರೆ ಬ್ಯಾಟರಿ ಸಿಗರೇಟು, ತೆಗೆದು ಕೊಟ್ಟ. ಅವನೂ ಸಿಗರೇಟು ಬಿಡಲೆಂದು ಒಂದು ತಿಂಗಳು ಎಳೆದು, ಮತ್ತೆ ಸಿಗರೇಟಿಗೇ ಹೋಗಿ ಮೂಲೆಗೆ ಹಾಕಿದ್ದ ಹಳೆಯ ಸಾಮಾನು.

"ಹೊಗೆ ಇಲ್ಲ, ಒಳಗೆ ತುಂಬಿರೋ ನಿಕೋಟಿನ್ ದ್ರವದ ಆವಿ. ಗುಂಡಿ ಒತ್ತಿ ಎಳಿ ಅಕ್ಕ, ಅಷ್ಟೇ. ತಗೋ, ಬ್ಯಾಟರಿ ಎರಡಿದೆ. ಒಂದು ಒಳಗೆ, ಒಂದು ಜೇಬಲ್ಲಿ ಇಟ್ಕೋ," ಎಂದು ಹೇಳಿ ಅವನು ಮತ್ತೆ ದೋಣಿ ಹತ್ತಿದ.

ಮರುದಿನ ಬಿಡುವಿನಲ್ಲಿ ಅವಳು ಗೋಡೆಯ ಮರೆಗೆ ಒಬ್ಬಳೇ ಹೋಗಿ ಗುಂಡಿ ಒತ್ತಿ ಎಳೆದಳು. ಎದೆಗೆ ಬಿಸಿ ಬಡಿಯಿತು. ಬಗ್ಗಿ ನಿಂತು ಕೆಮ್ಮಿದಳು, ತಲೆ ಸುತ್ತಿ ಗೋಡೆ ಹಿಡಿದುಕೊಂಡಳು. ಕೊಳವೆ ಕೈಯಲ್ಲೇ ಸುಡುತ್ತಿತ್ತು. ಕಿಟಕಿಯಿಂದ ನಾನು ನೋಡಿದೆ. ಹೊರಗೆ ದಕ್ಷಿಣದ ಗಾಳಿ ಕೊರೆಯುತ್ತಿತ್ತು. ನಾನು ಎದ್ದು ಹೋಗಲಿಲ್ಲ.

ಮೂರು ದಿನ ಹೀಗೇ ಒದ್ದಾಡಿದಳು. ನಾಲ್ಕನೆಯ ದಿನ ಮಧ್ಯಾಹ್ನ ಕೆಲಸ ಮುಗಿಸಿ ಮನೆಗೆ ನಡೆದು ಹೋಗುವಾಗ ಪ್ಯಾಂಟಿನ ಜೇಬು ಬಿಸಿಯಾಯಿತು. ಕೈ ಹಾಕುವಷ್ಟರಲ್ಲಿ ಸುರ್ ಎಂದು ಉರಿ ಎದ್ದಿತು. ಬಟ್ಟೆಯ ಸಮೇತ ಹಿಡಿದು ಜಗ್ಗಿದಳು. ಜೇಬು ಹರಿದು, ಬ್ಯಾಟರಿ ಹುಲ್ಲಿನ ಮೇಲೆ ಬಿದ್ದು ಬುಸುಗುಡುತ್ತ ಉರಿಯಿತು. ಜೊತೆಗಿದ್ದ ಮನೆಯ ಬೀಗದಕೈ ಕಪ್ಪಾಗಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಕುಂಟುತ್ತ ಮನೆಗೆ ಹೋದಳು. ತೊಡೆಯ ಮೇಲೆ ಅಂಗೈ ಅಗಲದ ಸುಟ್ಟ ಗಾಯ. ಯಾರಿಗೂ ಫೋನ್ ಮಾಡಲಿಲ್ಲ. ಯಾರಿಗೆ ಮಾಡಬೇಕೆಂದು ಯೋಚಿಸಿದಾಗ ಮೊದಲು ನೆನಪಾದದ್ದು ಕೋರಾಳ ನಂಬರ್ ಅಂತೆ. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ಎರಡು ದಿನ ಅವಳು ಕೆಲಸಕ್ಕೆ ಬಂದಳು. ಮೂರನೆಯ ದಿನ ಕಾಲೂರಲು ಆಗದೆ ಮೇಜಿಗೆ ಒರಗಿ ನಿಂತಳು.

"ಏನಾಯ್ತೇ?"

"ಬಿದ್ದೆ." ನಾನು ಮೆಲ್ಲಗೆ ತೊಡೆ ಮುಟ್ಟಿದರೆ ಬೆಚ್ಚಿ ಹಿಂದೆ ಸರಿದಳು.

"ಬಿದ್ದವರು ಯಾರಾದ್ರೂ ತೊಡೆ ಮುಟ್ಟಿದ್ರೆ ಹಿಂಗೆ ಹಾರ್ತಾರಾ? ನಡಿ ಕ್ಲಿನಿಕ್ಕಿಗೆ."

"ಸುಮ್ನಿರೆ. ಈ ವಯಸ್ಸಲ್ಲಿ ಜೇಬಲ್ಲಿ ಬೆಂಕಿ ಇಟ್ಕೊಂಡು ಓಡಾಡಿದೆ ಅಂತ ಊರೆಲ್ಲ ನಗ್ತದೆ."

ಚಾಕು ಕಸಿದುಕೊಂಡು ನಾನೇ ಕರೆದುಕೊಂಡು ಹೋದೆ. ನರ್ಸ್ ಗಾಯ ತೊಳೆದು ಪಟ್ಟಿ ಹಾಕಿದಳು. ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಟ್ಟು ಆ ಕೂಡಲೇ ಬರಬೇಕಿತ್ತು ಎಂದು ಮೆತ್ತಗೆ ಬೈದಳು. ಸಿಗರೇಟು ಬಿಡುವವರಿಗೆ ನೆರವಾಗುವ ಲೂಪೆ ಎಂಬಾಕೆಗೆ ಅಲ್ಲಿಂದಲೇ ಹೇಳಿ ಕಳಿಸಿದರು. ಲೂಪೆ ಸಮೋವಾ ದ್ವೀಪದಿಂದ ಬಂದು ನೆಲೆಸಿದವರ ಮಗಳು, ಮೂವತ್ತರ ಆಸುಪಾಸು. ತಾನೂ ಒಂದು ಕಾಲಕ್ಕೆ ದಿನಕ್ಕೆ ಒಂದು ಪ್ಯಾಕು ಸೇದುತ್ತಿದ್ದವಳು.

ಶನಿವಾರ ಬೆಳಿಗ್ಗೆ ಲೂಪೆ ಮಿರಿಯಾಮಳ ಮನೆಗೇ ಬಂದಳು. ನಾನೂ ಇದ್ದೆ. ಆ ದಿನ ಎರುವೇರಾ ಕೂಡ ದಡದಲ್ಲಿದ್ದ. ಅಕ್ಕನ ಗಾಯ ನೋಡಿದಾಗಿನಿಂದ ಅವನು ಸಿಡುಕುತ್ತಲೇ ಇದ್ದ.

"ಒಂದು ಬ್ಯಾಟರಿ ಕೆಟ್ಟಿತ್ತು ಅಷ್ಟೇ. ಇದಕ್ಕೂ ಕ್ಲಾಸು ಬೇಕಾ? ನಾನು ಒಂದು ತಿಂಗಳು ಎಳೆದಿದೀನಿ, ನನಗೇನೂ ಆಗ್ಲಿಲ್ಲ," ಎಂದ.

ಲೂಪೆ ಆ ಕೊಳವೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. "ಅಣ್ಣ, ಈ ಸುರುಳಿ ತಂತಿ ಕಾಣ್ತಾ? ಇದೇ ಕಾಯಿಲ್. ಬ್ಯಾಟರಿಯಿಂದ ಕರೆಂಟ್ ಬಂದ್ರೆ ಇದು ಕಾಯತ್ತೆ, ಹತ್ತೀಲಿರೋ ದ್ರವ ಆವಿಯಾಗತ್ತೆ. ಇದರ ಓಮ್ ಎಷ್ಟು ಅಂತ ಗೊತ್ತಾ ನಿಮಗೆ?"

"ಪಾಯಿಂಟ್ ಒಂದೈದು."

"ಅದು ತುಂಬ ಚಿಕ್ಕದಲ್ವಾ?" ಎಂದಳು ಮಿರಿಯಾಮ. "ಚಿಕ್ಕ ಸಂಖ್ಯೆ ಅಂದ್ರೆ ಮೆತ್ತಗಿರತ್ತೆ, ಹೊಸಬರಿಗೆ ಅದೇ ಸರಿ ಅಂದ್ಕೊಂಡಿದ್ದೆ ನಾನು."

"ಎಲ್ಲರೂ ಎಡವೋದು ಅಲ್ಲೇ ಆಂಟಿ. ಓಮ್ ಅಂದ್ರೆ ಕರೆಂಟಿಗೆ ಎಷ್ಟು ಅಡ್ಡಿ ಅನ್ನೋ ಲೆಕ್ಕ. ಶೆಡ್ ತೊಳೀವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ನೀರು ಕಮ್ಮಿ ಬರತ್ತೆ. ಬೆರಳು ತೆಗೆದ್ರೆ?"

"ಭರ್ ಅಂತ ಬರತ್ತೆ."

"ಓಮ್ ಕಮ್ಮಿಯಾಯ್ತು ಅಂದ್ರೆ ಬೆರಳು ತೆಗೆದ ಹಾಗೆ. ಕರೆಂಟ್ ಭರ್ ಅಂತ ಹರಿಯತ್ತೆ. ಎಷ್ಟು ಅಂತ ನೀವೇ ಲೆಕ್ಕ ಹಾಕ್ಬಹುದು. ಪೂರ್ತಿ ತುಂಬಿದ ಬ್ಯಾಟರಿ ನಾಲ್ಕು ಪಾಯಿಂಟ್ ಎರಡು ವೋಲ್ಟು. ಅದನ್ನ ಓಮಿಂದ ಭಾಗಿಸಿ."

ಎರುವೇರಾ ಫೋನಿನಲ್ಲಿ ಒತ್ತಿ ನೋಡಿದ. "ಇಪ್ಪತ್ತೆಂಟು."

"ಇಪ್ಪತ್ತೆಂಟು ಆಂಪಿಯರ್. ಈ ಬ್ಯಾಟರಿ ಎಲ್ಲಿಂದ ತಂದ್ರಿ?"

"ಹಳೇ ಚಾರ್ಜಿಂಗ್ ಟಾರ್ಚಿಂದು."

"ಇಂಥವು ಬಿಡದೆ ಕೊಡೋಕೆ ಆಗೋದು ಹತ್ತು ಆಂಪಿಯರ್ ಇರಬಹುದು. ಹತ್ತು ಹೊರೋನ ತಲೆ ಮೇಲೆ ಇಪ್ಪತ್ತೆಂಟು ಹೊರಿಸಿದೀರಿ. ಅದಕ್ಕೇ ಕೊಳವೆ ಸುಡ್ತಾ ಇದ್ದದ್ದು. ಸಾಲದ್ದಕ್ಕೆ ಇದರಲ್ಲಿ ತಡೆಯೋ ಸರ್ಕ್ಯೂಟೇ ಇಲ್ಲ. ತಪ್ಪಾದ್ರೆ ತಾನಾಗಿ ನಿಲ್ಲಲ್ಲ."

"ಆದ್ರೆ ಉರಿದದ್ದು ಇದರೊಳಗಿದ್ದದ್ದಲ್ಲ, ಜೇಬಲ್ಲಿದ್ದದ್ದು," ಎಂದೆ ನಾನು.

"ಅದೂ ಇದೇ ಲೆಕ್ಕ ಅಕ್ಕ. ಬ್ಯಾಟರಿ ಸುತ್ತಿನ ಪ್ಲಾಸ್ಟಿಕ್ ಹರಿದಿತ್ತು ಅನ್ಸತ್ತೆ. ಬೀಗದಕೈ ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಾಗಿದೆ. ಬೀಗದಕೈಗೆ ಓಮೇ ಇಲ್ಲ ಅನ್ನಬಹುದು, ಅಷ್ಟು ಕಮ್ಮಿ. ಬ್ಯಾಟರಿಲಿ ಇದ್ದಷ್ಟೂ ಒಂದೇ ಸಲ ಹರಿದುಬಿಡ್ತು."

ಎರುವೇರಾ ಅಕ್ಕನ ಕಾಲಿನ ಕಡೆ ನೋಡಿ ಕಣ್ಣು ತಪ್ಪಿಸಿದ.

"ಹಾಗಾದ್ರೆ ನನಗೆ ಯಾವುದು?" ಮಿರಿಯಾಮ ಕೇಳಿದಳು. "ಇಲ್ಲಾಂದ್ರೆ ಹಳೇ ತಂಬಾಕೇ ವಾಸಿ ಅನ್ಬಿಡು, ಸುಮ್ಮನೆ ಅದಕ್ಕೇ ಹೋಗ್ತೀನಿ."

"ತಂಬಾಕು ಸೇದೋರು ಮೊದಲು ಹೊಗೇನ ಬಾಯಿಗೆ ಎಳೆದು ಆಮೇಲೆ ಎದೆಗೆ ಬಿಡ್ತಾರೆ. ನಿಮ್ಮ ಅಭ್ಯಾಸ ಅದು. ಅದಕ್ಕೆ ಒಂದು ಓಮ್ ಅಥವಾ ಅದಕ್ಕಿಂತ ಮೇಲಿನ ಕಾಯಿಲ್ ಬೇಕು. ಒಂದು ಪಾಯಿಂಟ್ ಎರಡು ತಗೊಳ್ಳಿ. ಅಣ್ಣ, ಭಾಗಿಸಿ."

"ಮೂರೂವರೆ," ಎಂದ ಎರುವೇರಾ, ಈ ಸಲ ಸ್ವಲ್ಪ ತಗ್ಗಿದ ದನಿಯಲ್ಲಿ.

"ಎಲ್ಲಿ ಇಪ್ಪತ್ತೆಂಟು, ಎಲ್ಲಿ ಮೂರೂವರೆ. ಆವಿ ಕಮ್ಮಿ, ಬಿಸಿ ಕಮ್ಮಿ, ಬ್ಯಾಟರಿಗೂ ಸುಖ. ಕೈಯಲ್ಲಿ ಹಿಡಿಯೋ ಸಣ್ಣ ಯಂತ್ರ ಬರತ್ತೆ. ಬ್ಯಾಟರಿ ಒಳಗೇ ಇರತ್ತೆ, ತೆಗೆಯೋ ಹಾಗಿಲ್ಲ, ಜಾಸ್ತಿ ಬಿಸಿಯಾದ್ರೆ ತಾನೇ ನಿಲ್ಲತ್ತೆ. ಮೊದಲ ಸಲಕ್ಕೆ ಅದೇ ಸಾಕು. ಇನ್ನೊಂದು ಮಾತು. ಸಣ್ಣ ಯಂತ್ರಕ್ಕೆ ಹಾಕೋ ಸ್ಟ್ರಾಂಗ್ ನಿಕೋಟಿನ್ ದ್ರವಾನ ಈ ಕೊಳವೆಯಂಥ ದೊಡ್ಡದಕ್ಕೆ ಹಾಕಬಾರದು, ಒಂದೇ ಸಲಕ್ಕೆ ಜಾಸ್ತಿ ಒಳಗೆ ಹೋಗತ್ತೆ. ನಿಮಗೆ ತಲೆ ಸುತ್ತಿದ್ದು ಅದಕ್ಕೇ ಇರಬೇಕು."

"ವೇಪಿಂದ ಏನೂ ತೊಂದ್ರೆ ಇಲ್ಲ ಅಂತೀಯಾ?"

"ಹಾಗೆ ಹೇಳಿದ್ರೆ ಸುಳ್ಳಾಗತ್ತೆ ಆಂಟಿ. ಸಿಗರೇಟಿಗಿಂತ ಕಮ್ಮಿ. ಪೂರ್ತಿ ಇಲ್ಲ ಅಂತಲ್ಲ. ಇದು ದಾಟೋ ಸೇತುವೆ, ಮನೆ ಮಾಡ್ಕೊಂಡು ಇರೋ ಜಾಗ ಅಲ್ಲ. ನಾನೂ ಹದಿನೆಂಟು ತಿಂಗಳು ಎಳೆದು ಬಿಟ್ಟವಳೇ."

ಸೋಮವಾರ ಲೂಪೆ ಅವಳನ್ನು ಹತ್ತಿರದ ಪಟ್ಟಣ ಇನ್ವರ್‌ಕಾರ್ಗಿಲ್‌ನ ವೇಪ್ ಮಾರುವ ಪರವಾನಗಿ ಇದ್ದ ಅಂಗಡಿಗೆ ಕರೆದುಕೊಂಡು ಹೋದಳು. ಬೆರಳುದ್ದದ ಒಂದು ಯಂತ್ರ, ಒಂದು ಪಾಯಿಂಟ್ ಎರಡು ಓಮಿನ ಕಾಯಿಲ್, ಅದಕ್ಕೆ ತಕ್ಕ ದ್ರವ ತಂದರು. ಹೊಸ ಕಾಯಿಲ್‌ಗೆ ದ್ರವ ತುಂಬಿ ಹತ್ತು ನಿಮಿಷ ಹತ್ತಿ ನೆನೆಯಲು ಬಿಡಬೇಕು, ಇಲ್ಲದಿದ್ದರೆ ಸುಟ್ಟ ರುಚಿ ಬರುತ್ತದೆ ಎಂದು ಅಂಗಡಿಯವರು ತೋರಿಸಿಕೊಟ್ಟರು. ಈ ಸಲ ಕೆಮ್ಮು ಬರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಒಂಬತ್ತನೆಯ ದಿನ ಅವಳು ಸಿಂಪಿ ಸಾಗಿಸುವ ಲಾರಿಯವನ ಹತ್ತಿರ ಒಂದು ಸಿಗರೇಟು ಕೇಳಿ ಇಸಿದುಕೊಂಡಳು. ಅರ್ಧ ಸೇದಿ, ಆರಿಸಿ, ಒಳಗೆ ಬಂದು ನನ್ನ ಪಕ್ಕದಲ್ಲಿ ಚಾಕು ಹಿಡಿದು ನಿಂತಳು. ಕಣ್ಣು ಕೆಂಪಾಗಿತ್ತು.

"ಯಂತ್ರ ಸರಿಯಾಗಿಲ್ವಾ?" ಎಂದು ಕೇಳಿದೆ.

"ಸರಿಯಾಗಿದೆ. ಎದೆಗೆ ಬೇಕಾದ್ದು ಸಿಕ್ತದೆ." ಅವಳು ಒಂದು ಸಿಂಪಿ ತೆರೆದಳು, ಇನ್ನೊಂದು ತೆರೆದಳು. "ಹೊರಗೆ ಹೋಗಿ ನಿಂತ್ಕೊಂಡ್ರೆ ಏನೋ ಹೇಳಬೇಕು ಅಂತ ಬಾಯಿ ತೆರೀತೀನಿ ಕಣೆ. ಪಕ್ಕದಲ್ಲಿ ಗೋಡೆ ಇರತ್ತೆ."

ಅವಳು ಕೆಮ್ಮಿ ಗೋಡೆ ಹಿಡಿದುಕೊಂಡ ದಿನ ನಾನು ಕಿಟಕಿಯ ಒಳಗೇ ಕೂತಿದ್ದದ್ದು ನೆನಪಾಯಿತು. ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

ಮರುದಿನದ ಬಿಡುವಿಗೆ ಎರಡು ಲೋಟ ಚಹಾ ಹಿಡಿದು ನಾನೂ ಹೊರಗೆ ಹೋದೆ. "ನೀನು ಯಾಕೆ ಬಂದೆ, ಚಳಿ," ಎಂದಳು. "ಒಳಗೆ ಸೆಕೆ," ಎಂದೆ. ಮೊದಲ ವಾರ ನಮಗೆ ಮಾತೇ ಹೊಂದಿಕೆಯಾಗಲಿಲ್ಲ. ನಾನು ಕೋರಾ ಅಲ್ಲ, ಅವಳೂ ನನ್ನನ್ನು ಕೋರಾ ಎಂದುಕೊಳ್ಳಲಿಲ್ಲ. ಎಷ್ಟೋ ದಿನ ಇಬ್ಬರೂ ನೀರು ನೋಡುತ್ತ ಚಹಾ ಕುಡಿದು ಒಳಗೆ ಬಂದದ್ದುಂಟು. ಆದರೂ ಅವಳು ಲಾರಿಯವನನ್ನು ಮತ್ತೆ ಕೇಳಲಿಲ್ಲ.

ಮುಂದಿನ ಸಲ ದಡಕ್ಕೆ ಬಂದ ಎರುವೇರಾ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಒಂದೊಂದು ಬ್ಯಾಟರಿಗೆ ಒಂದೊಂದು ಗೂಡು ಇರುವ ಡಬ್ಬಿ.

"ದೋಣೀಲಿ ಇದ್ದ ಟಾರ್ಚ್ ಬ್ಯಾಟರಿಗಳನ್ನೆಲ್ಲ ಇಂಥದ್ರೊಳಗೆ ಹಾಕ್ಸಿದೆ. ಪ್ಲಾಸ್ಟಿಕ್ ಹರಿದವನ್ನ ಬ್ಯಾಟರಿ ವಾಪಸ್ ತಗೊಳ್ಳೋ ಕೇಂದ್ರಕ್ಕೆ ಕೊಟ್ಟೆ, ಕಸಕ್ಕೆ ಹಾಕಬಾರದಂತೆ," ಎಂದ. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. "ಅಕ್ಕ, ಆ ಕೊಳವೆ ಕೊಟ್ಟದ್ದು ನನ್ನ ತಪ್ಪು."

"ನೀನು ಕೊಟ್ಟೆ, ನಾನು ಏನೂ ವಿಚಾರಿಸದೇ ಇಸ್ಕೊಂಡೆ. ಇಬ್ರೂ ದಡ್ಡರು."

"ಆ ಒಂದು ಪಾಯಿಂಟ್ ಎರಡರದ್ದು ನನಗೂ ಸಿಗತ್ತಾ?"

"ಲೂಪೆ ನಂಬರ್ ಕೊಡ್ತೀನಿ. ಸಿಡುಕದೆ ಮಾತಾಡು," ಎಂದಳು ಮಿರಿಯಾಮ.

ಈಗ ಹತ್ತು ತಿಂಗಳಾಯಿತು. ಮಿರಿಯಾಮ ಸಿಗರೇಟು ಮುಟ್ಟಿಲ್ಲ. ದ್ರವದ ನಿಕೋಟಿನ್ ಎರಡು ಸಲ ಇಳಿಸಿದ್ದಾಳೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದಿಲ್ಲ. ಶೆಡ್ಡಿಗೆ ರಜೆ ಇರುವ ಭಾನುವಾರಗಳು ಉದ್ದ ಎನ್ನುತ್ತಾಳೆ. ಅದಕ್ಕೆ ಲೂಪೆಯ ಹತ್ತಿರವೂ ಕಾಯಿಲ್ ಇಲ್ಲ.

ಓದುವವರೇ, ಕೇಳುವವರೇ, ನೀವು ಸೇದದವರಾದರೆ ವೇಪನ್ನು ಮುಟ್ಟಲೇಬೇಡಿ, ಮಕ್ಕಳ ಕೈಗೆ ಸಿಗಲು ಬಿಡಬೇಡಿ. ಸಿಗರೇಟು ಬಿಡಲು ಹೊರಟವರಾದರೆ ಮೊದಲು ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ತಿಳಿದುಕೊಳ್ಳಿ. ಯಾರೋ ಬಳಸಿ ಬಿಟ್ಟ ಯಂತ್ರ ಬೇಡ. ಓಮ್ ಕಮ್ಮಿಯಾದಷ್ಟೂ ಕರೆಂಟ್ ಹೆಚ್ಚು ಎಂಬುದನ್ನು ಮರೆಯದೆ ಒಂದು ಓಮಿನ ಮೇಲಿನದರಿಂದಲೇ ಶುರುಮಾಡಿ. ಚಾರ್ಜಿಗೆ ಇಟ್ಟು ಮನೆ ಬಿಟ್ಟು ಹೋಗಬೇಡಿ, ದಿಂಬಿನ ಕೆಳಗೆ ಇಡಬೇಡಿ. ಬಿಡಿ ಬ್ಯಾಟರಿ ಯಾವುದೇ ಇರಲಿ, ನಾಣ್ಯ, ಬೀಗದಕೈ ಇರುವ ಜೇಬಿಗೆ ಹಾಕಬೇಡಿ. ಈಗಲೇ ಒಮ್ಮೆ ಜೇಬು, ಚೀಲ ನೋಡಿಕೊಳ್ಳಿ.

ಆಮೇಲೆ ಇನ್ನೊಂದು ಕೆಲಸ. ಸಿಗರೇಟು ಬಿಡುತ್ತೇನೆ ಎಂದು ಇತ್ತೀಚೆಗೆ ನಿಮಗೆ ಯಾರಾದರೂ ಹೇಳಿದ್ದರೆ, ನೀವೂ ನನ್ನ ಹಾಗೆ "ಒಳ್ಳೇದು" ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ, ಇವತ್ತು ಅವರಿಗೆ ಒಂದು ಫೋನ್ ಮಾಡಿ.