ಬೆಟ್ಟದ ಆಚೆಯ ಚುಕ್ಕೆ

ಚಿಕ್ಕ ಮೇಡಂ ಕುಣಿಯುತ್ತಲೇ ಒಳಗೆ ಬಂದಳು. ಆ ಕೋಣೆಯಲ್ಲಿ ಯಾರೂ ಕುಣಿಯಬಾರದು. ನೆಲದಿಂದ ಸೂರಿನವರೆಗೆ ಗಾಜಿನ ಬಾಟಲಿ, ಬಾಟಲಿ ತುಂಬ ಸ್ಪಿರಿಟ್, ಅದರೊಳಗೆ ದೇಶದ ಹೊಳೆ, ಕೆರೆ, ತೊರೆಗಳ ಮೀನು. ಹನ್ನೊಂದು ವರ್ಷದಿಂದ ಇವನ್ನು ಒರೆಸಿ, ಇಂಗಿಹೋದ ಸ್ಪಿರಿಟ್ ತುಂಬಿಸಿ, ಮುಚ್ಚಳ ಬಿಗಿಮಾಡುತ್ತ ಬಂದವಳನ್ನು ಸಂಗ್ರಹಾಲಯದಲ್ಲಿ ಎಲ್ಲರೂ ಬಾಟಲಿಯಮ್ಮ ಎಂದೇ ಕರೆಯುತ್ತಿದ್ದರು.

"ಮೆಲ್ಲಗೆ ತಾಯಿ, ಮೆಲ್ಲಗೆ! ಒಂದು ಬಿತ್ತು ಅಂದ್ರೆ ನಮ್ಮಿಬ್ಬರನ್ನೂ ಇದರೊಳಗೇ ಇಳಿಸಿ ಮುಚ್ಚಳ ಹಾಕ್ತಾರೆ."

"ಅಕ್ಕಾ, ಬೆಟ್ಟ ದಾಟಿದೆ!"

"ಯಾರು?"

"ಕಲ್ಲಂಟಿ!"

ಕಲ್ಲಂಟಿ ಎಂದರೆ ಬೆರಳುದ್ದದ ಮೀನು. ಹೊಟ್ಟೆಯನ್ನೇ ಬಟ್ಟಲಿನಂತೆ ಒತ್ತಿಕೊಂಡು, ಧುಮುಕುವ ನೀರಿನಲ್ಲೂ ಕಲ್ಲಿಗೆ ಅಂಟಿ ಕೂರುವ ಹಟಮಾರಿ. ದೇಶದ ನಡುವೆ ಬೆನ್ನೆಲುಬಿನಂತೆ ಹಾದುಹೋದ ಬೆಟ್ಟಸಾಲಿನ ಪಡುವಣ ತೊರೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಅದು ಸಿಕ್ಕಿದ್ದಿಲ್ಲ. ಯಾವ ಮೀನು ಯಾವ ನೀರಿನಲ್ಲಿದೆ ಎಂದು ಒಂದೊಂದಕ್ಕೂ ಒಂದೊಂದು ನಕ್ಷೆ ಬರೆಯುವುದು ಚಿಕ್ಕ ಮೇಡಂಳ ಮೂರು ವರ್ಷದ ಕೆಲಸ. ಸಿಕ್ಕ ಜಾಗಕ್ಕೆ ಒಂದು ಕೆಂಪು ಚುಕ್ಕೆ. ಕೆಲವು ಮೀನಿನ ನಕ್ಷೆ ದಡಾರ ಎದ್ದ ಮಗುವಿನ ಮೈಯಂತೆ. ಕೆಲವಕ್ಕೆ ಇಡೀ ದೇಶದಲ್ಲಿ ಒಂದೇ ಚುಕ್ಕೆ, ಒಂದೇ ತೊರೆ. ಅದು ಬತ್ತಿದರೆ ಆ ವಂಶವೇ ನಿಂತಂತೆ. ಅಂಥ ಬಾಟಲಿಗಳನ್ನು ಬಾಟಲಿಯಮ್ಮ ಸ್ವಲ್ಪ ಹೆಚ್ಚು ಹೊತ್ತು ಒರೆಸುತ್ತಿದ್ದಳು.

"ಇಲ್ಲಿ ನೋಡಿ, ಕೆಳಗಿನ ಹಲಗೆಯ ಈ ಬಾಟಲಿ. ಐದು ಕಲ್ಲಂಟಿ. ಒಳಗಿನ ಚೀಟಿ ಓದಿ. ಮೂಡಣ ಇಳಿಜಾರಿನ ತೊರೆ! ಅಂದ್ರೆ ಹಿಂದೆ ಯಾವಾಗಲೋ ಈಚೆ ನೀರು ಆಚೆ ನೀರು ಕೂಡಿತ್ತು. ಹತ್ತು ದಿನಕ್ಕೆ ದೊಡ್ಡ ಸಭೆ ಇದೆಯಲ್ಲ, ಅಲ್ಲಿ ಇದನ್ನೇ ಹೇಳ್ತೀನಿ. ಎಲ್ಲರ ಬಾಯಿ ಮುಚ್ಚಿಹೋಗಬೇಕು."

ಬಾಟಲಿಯಮ್ಮ ಚೀಟಿ ಓದಿದಳು. ಆಮೇಲೆ ಪಕ್ಕದ ಬಾಟಲಿಯನ್ನು ನೋಡಿದಳು. ಅದರಲ್ಲಿ ಐದು ಪಟ್ಟೆ ಮೀನು, ಪಡುವಣ ತೊರೆಯ ಚೀಟಿ. ಪಟ್ಟೆ ಮೀನು ಬೆಟ್ಟದ ಎರಡೂ ಕಡೆ ಕಂಡಕಂಡಲ್ಲಿ ಸಿಗುವಂಥದ್ದು, ಅದರ ಚೀಟಿಯನ್ನು ಯಾರೂ ಎರಡು ಸಲ ಓದುವುದಿಲ್ಲ. ಅಕ್ಕಪಕ್ಕ ಎರಡು ಬಾಟಲಿ. ಅವಳು ಎರಡೂ ಚೀಟಿಗಳನ್ನು ಮತ್ತೊಮ್ಮೆ ಓದಿದಳು.

"ಏನಕ್ಕಾ, ಖುಷಿ ಆಗಲಿಲ್ವಾ?"

"ಆಯ್ತು ತಾಯಿ, ಆಗದೆ ಏನು," ಎಂದು ಆಲಿಕೆಯನ್ನು ಕೈಗೆತ್ತಿಕೊಂಡಳು. ಸ್ಪಿರಿಟ್ ಬಾಟಲಿಗೆ ಬೀಳದೆ ಅವಳ ಚಪ್ಪಲಿಯ ಮೇಲೆ ಬಿತ್ತು.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿ ಮೂರು ವಾರ. ಈ ಎರಡು ಬಾಟಲಿಗಳೂ ಒಣಗಿಹೋಗಿದ್ದವು. ಮೀನುಗಳನ್ನು ಎರಡು ತಟ್ಟೆಗೆ ತೆಗೆದಿದ್ದಳು. ಚೀಟಿಗಳು ಗಾಜಿಗೆ ಅಂಟಿದ್ದವು. ಅವನ್ನೂ ನೆನೆಸಿ ಬಿಡಿಸಿ ಹಳೆ ಪೇಪರಿನ ಮೇಲೆ ಆರಲು ಹಾಕಿದ್ದಳು. ಅಷ್ಟರಲ್ಲಿ ಆಫೀಸಿನ ಫೋನು: ಆರು ತಿಂಗಳ ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿದೆ, ಓಡಿ ಬಾ. ಮೀನು ಬಾಟಲಿಗೆ, ಚೀಟಿ ಬಾಟಲಿಗೆ, ಮುಚ್ಚಳ, ಓಟ. ಯಾವ ಚೀಟಿ ಯಾವುದಕ್ಕೆ ಹೋಯಿತು ಎಂದು ನೋಡಿದ ನೆನಪೇ ಇಲ್ಲ. ಮಗು ಉಳಿಯಿತು. ಮಾರನೆಯ ದಿನ ಬಂದಾಗ ಎರಡು ಬಾಟಲಿಯೂ ಅಚ್ಚುಕಟ್ಟಾಗಿ ಕೂತಿದ್ದವು. ಮತ್ತೆ ಆ ವಿಚಾರ ಅವಳ ತಲೆಗೆ ಬಂದಿರಲೇ ಇಲ್ಲ, ಇವತ್ತಿನವರೆಗೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. "ಆರ್ಡರ್ ಬಂತಾ?"

ಆರ್ಡರ್ ಎಂದರೆ ಕೆಲಸ ಕಾಯಂ ಆಗುವ ಕಾಗದ. ಹನ್ನೊಂದು ವರ್ಷ ದಿನಗೂಲಿಯಾದ ಮೇಲೆ ಈ ತಿಂಗಳ ಕೊನೆಗೆ ಸಂಗ್ರಹಾಲಯದ ಮುಖ್ಯಸ್ಥರು, ದೊಡ್ಡ ಸರ್, ಸಹಿ ಹಾಕಬೇಕಿತ್ತು.

"ಇನ್ನೂ ಇಲ್ಲ ಅತ್ತೆ."

"ಸಹಿ ಹಾಕೋಕೆ ಕೈಗೇನು ಲಕ್ವಾ ಹೊಡೆದಿದ್ಯಾ? ನನ್ನ ಮಗ ಲಾರಿ ಮೇಲೆ ತಿಂಗಳಲ್ಲಿ ಇಪ್ಪತ್ತಾರು ದಿನ ಊರೂರು ಸುತ್ತುತಾನೆ. ಮನೇಲಿ ಒಬ್ಬರದ್ದಾದರೂ ನೆಲೆ ನಿಂತ ಕೆಲಸ ಆಗಲಿ ಅಂತ ನಾನು ಬಾಯಿ ಬಡ್ಕೋತಿದ್ದೀನಿ." ಆಮೇಲೆ ಮೂಗು ಸಿಂಡರಿಸಿ, "ಚಪ್ಪಲಿ ಹೊರಗಿಡು. ಆಸ್ಪತ್ರೆ ವಾಸನೆ," ಎಂದರು.

ಅಂದು ಫಿಟ್ಸ್ ಬಂದಿದ್ದ ಮಗು ಈಗ ಹನ್ನೊಂದರ ಹುಡುಗಿ. ಲೆಕ್ಕದ ಪುಸ್ತಕದಿಂದ ತಲೆಯೆತ್ತಿ, "ಅಮ್ಮಾ, ಒಂದೇ ಪಾತ್ರೆ ಎಷ್ಟು ಸಲ ತೊಳೀತೀಯಾ?" ಎಂದಳು. ನೋಡಿದರೆ ಹೌದು, ಮೂರನೆಯ ಸಲ.

ಎರಡು ದಿನ ಮುಳ್ಳಿನ ಮೇಲೆ ನಿಂತಂತೆ ಕಳೆದಳು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಚಿಕ್ಕ ಮೇಡಂ ನೂರು ಜನ ಪಂಡಿತರ ಮುಂದೆ ನಿಂತು ಬೆಟ್ಟವನ್ನೇ ದಾಟಿಸುತ್ತಾಳೆ. ದಾಟಿದ್ದು ಮೀನೋ, ಬರೀ ಚೀಟಿಯೋ? ಕಾರಿಡಾರಿನಲ್ಲಿ ಯಾರಾದರೂ 'ಕಲ್ಲಂಟಿ' ಎಂದರೂ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗಿತ್ತು. ಮೂರನೆಯ ದಿನ ಬೆಳಿಗ್ಗೆ, ಚಿಕ್ಕ ಮೇಡಂ ಮೂಡಣ ತೊರೆಯ ಮೇಲೆ ಕೆಂಪು ಚುಕ್ಕೆ ಇಡುತ್ತಿದ್ದಾಗ, ಇವಳು ಮೇಜಿನ ಎದುರು ನಿಂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟಳು.

ಚಿಕ್ಕ ಮೇಡಂ ಪೆನ್ನು ಕೆಳಗಿಟ್ಟಳು. "ಚೀಟಿ ಬದಲಾಯ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ತಾಯಿ. ಸರಿಯಾಗೇ ಹಾಕಿರಬಹುದು, ಅದಲುಬದಲು ಆಗಿರಬಹುದು. ಆವಾಗ ನನ್ನ ಕಣ್ಣಿಗೆ ಸಣ್ಣ ಮೀನೆಲ್ಲಾ ಒಂದೇ."

"ಹೇಳದೆ ಇದ್ದಿದ್ರೆ ನಿಮಗೇನಾಗ್ತಿತ್ತು?" ಕೋಪವೋ ಅಳುವೋ ತಿಳಿಯದ ದನಿ.

"ನನಗೇನೂ ಆಗ್ತಿರಲಿಲ್ಲ. ನಿಮಗಾಗ್ತಿತ್ತು."

ಇಬ್ಬರೂ ಹಳೆಯ ರಿಜಿಸ್ಟರ್ ಹುಡುಕಿ ತೆಗೆದರು. ಆ ಮೀನು ಹಿಡಿದು ತಂದವರು ತೀರಿಕೊಂಡು ಎಷ್ಟೋ ವರ್ಷ. ಪಡುವಣ ತೊರೆಯ ಸಾಲಿನಲ್ಲಿ ಬರೆದಿದ್ದರು: 'ಸಣ್ಣ ಮೀನು, ಐದು.' ಅದರ ಕೆಳಗೆ ಮೂಡಣ ತೊರೆ: 'ಸಣ್ಣ ಮೀನು, ಐದು.'

"ಪುಣ್ಯಾತ್ಮ!" ಚಿಕ್ಕ ಮೇಡಂ ಪುಟದ ಮೇಲೆ ಗುದ್ದಿದಳು. "ಜಾತಿ ಬರೆಯೋಕೆ ಶಾಯಿ ಮುಗಿದಿತ್ತಂತಾ?"

ದೊಡ್ಡ ಸರ್ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಕೆಲಸ ಅಲ್ಲಮ್ಮ ನಮ್ಮದು. ಇಲ್ಲಿ ಮೀನಿಗೆ ಬೆಲೆ ಇಲ್ಲ, ಚೀಟಿಗೆ ಬೆಲೆ. ನೀನು ಇದೊಂದರಲ್ಲಿ ತಪ್ಪಿದ್ದೀಯ ಅಂತಾದರೆ, ನಿನ್ನ ಕೈ ಮುಟ್ಟಿದ ಒಂಬತ್ತು ಸಾವಿರ ಬಾಟಲಿಯನ್ನೂ ಅನುಮಾನದಿಂದ ನೋಡಬೇಕು. ಅಂಥವಳನ್ನು ಹೇಗೆ ಕಾಯಂ ಮಾಡಲಿ?"

ದೊಡ್ಡ ಸರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಒಂದು ದಾರಿ ಇದೆ. ಮೂಡಣ ತೊರೆಯಲ್ಲಿ ನಿಜವಾಗಿ ಕಲ್ಲಂಟಿ ಇದ್ದರೆ ಚೀಟಿ ಸರಿ ಅಂತಾಯ್ತು, ನಿನ್ನ ಕೈಯೂ ಸರಿ. ಹೋಗಿ ನೋಡಿ ಬನ್ನಿ. ಹಿಡಿದು ತಂದರೆ ಸಂತೋಷ. ಚಿಕ್ಕ ಮೇಡಂ ಕಣ್ಣಾರೆ ಕಂಡೆ ಅಂದರೂ ಸಾಕು, ಸೋಮವಾರ ಸಹಿ ಹಾಕ್ತೀನಿ. ಇಲ್ಲದಿದ್ದರೆ ಫೈಲು ವಾಪಸ್."

ಭಾನುವಾರ ಇಬ್ಬರೂ ಮೊದಲ ಬಸ್ಸು ಹಿಡಿದರು. ಬೆಟ್ಟ ಹತ್ತಿ ಆಚೆ ಇಳಿಯುವ ಹೊತ್ತಿಗೆ ಬಾಟಲಿಯಮ್ಮನಿಗೆ ಎರಡು ಸಲ ವಾಂತಿಯಾಯಿತು. ಚಿಕ್ಕ ಮೇಡಂ ನೀರು ಕೊಟ್ಟಳು, ಬೆನ್ನು ಸವರಿದಳು, ನಡುನಡುವೆ ಪಾಠವನ್ನೂ ಹೇಳಿದಳು. "ಕಲ್ಲಿಗೆ ಅಂಟಿದ್ದೆಲ್ಲಾ ಕಲ್ಲಂಟಿ ಅಲ್ಲ ಅಕ್ಕಾ. ಕೆಲವು ಕಪ್ಪೆಯ ಗೊದಮೊಟ್ಟೆಗಳೂ ಬಾಯಲ್ಲೇ ಕಲ್ಲು ಕಚ್ಚಿ ಕೂತಿರ್ತವೆ. ಅಗಲ ರೆಕ್ಕೆ ಇದ್ರೆ ಮೀನು. ಬರೀ ಬಾಲ ಇದ್ರೆ ಗೊದಮೊಟ್ಟೆ."

ತೊರೆ ರಸ್ತೆಯಿಂದ ಕೂಗಳತೆಯಲ್ಲಿತ್ತು. ಕೊನೆಯ ಬಸ್ಸು ಐದು ಗಂಟೆಗೆ. ಹನ್ನೊಂದು ವರ್ಷ ಮೀನಿನ ನಡುವೆಯೇ ಬದುಕಿದರೂ ಬಾಟಲಿಯಮ್ಮ ಹರಿಯುವ ನೀರಿನಲ್ಲಿ ಇಳಿದು ಮೀನು ನೋಡಿದ್ದು ಅದೇ ಮೊದಲು. ಬಾಟಲಿಯಲ್ಲಿ ಎಲ್ಲವೂ ಬೂದು. ಇಲ್ಲಿ ಬಲೆ ಎತ್ತಿದ ಕೂಡಲೇ ಪಟ್ಟೆ ಮೀನಿನ ಮೈ ಹೊಸ ತಾಮ್ರದ ಹಾಗೆ ಹೊಳೆಯಿತು. ಮೀಸೆಯ ಮರಿ, ಹಾವಿನಂತೆ ನುಲಿಯುವ ಇನ್ನೊಂದು, ಕೆಂಪು ಬಾಲದ್ದು, ಹೆಸರೇ ತಿಳಿಯದ ಗಾಜಿನಂಥ ಪುಟಾಣಿ. ಚಿಕ್ಕ ಮೇಡಂ ಒಂದೊಂದನ್ನೂ ಬರೆದುಕೊಂಡು ನೀರಿಗೆ ಬಿಟ್ಟಳು. ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಹದಿನಾಲ್ಕು ಜಾತಿ ಬಂದವು. ಕಲ್ಲಂಟಿ ಬರಲಿಲ್ಲ.

"ಸಿಗಲಿಲ್ಲ ಅಂದ್ರೆ ಇಲ್ಲ ಅಂತಾನಾ?" ಬಾಟಲಿಯಮ್ಮ ಕೇಳಿದಳು.

"ಅದೇ ಕಷ್ಟ ಅಕ್ಕಾ. ಇದೆ ಅನ್ನೋಕೆ ಒಂದು ಮೀನು ಸಾಕು. ಇಲ್ಲ ಅನ್ನೋಕೆ ಹೊಳೆ ಪೂರ್ತಿ ಬಸಿದರೂ ಸಾಲದು."

ಬಸ್ಸಿಗೆ ಇನ್ನು ಹದಿನೈದು ನಿಮಿಷವಿದೆ ಎನ್ನುವಾಗ ಬಾಟಲಿಯಮ್ಮ ಒಬ್ಬಳೇ ಸ್ವಲ್ಪ ಮೇಲಕ್ಕೆ ಹೋದಳು. ಅಲ್ಲಿ ನೀರು ಒಂದು ಕರಿ ಬಂಡೆಯ ಮೇಲಿಂದ ಹಾಳೆಯಂತೆ ಜಾರುತ್ತಿತ್ತು. ಬಗ್ಗಿದಳು. ಬಂಡೆಯ ಮೇಲೆ, ನೀರಿನ ಹಾಳೆಯ ಅಡಿಯಲ್ಲಿ, ಚಪ್ಪಟೆಯಾಗಿ ಏನೋ ಅಂಟಿಕೊಂಡಿತ್ತು. ಬೆರಳುದ್ದ. ಬಾಲ ಅಲುಗಾಡಿತು. ಅವಳು ಕೈ ಹಾಕಿದ್ದಷ್ಟೇ, ಬಂಡೆ ಬರಿದಾಯಿತು.

"ಅಯ್ಯೋ!"

ಚಿಕ್ಕ ಮೇಡಂ ಜಾರುತ್ತ, ಬೀಳುತ್ತ ಓಡಿ ಬಂದಳು. "ಏನು? ಕಂಡಿತಾ?"

"ಏನೋ ಇತ್ತು. ಹೋಯ್ತು."

"ಅದೇ ಅಕ್ಕಾ! ಇಂಥ ಬಂಡೆಯೇ ಅದರ ಜಾಗ. ಅದೇ ಇರಬೇಕು!" ಅವಳ ಕಣ್ಣು ಮೊದಲ ದಿನದ ಹಾಗೆ ಹೊಳೆಯಿತು. "ನೀವು ಕಂಡೆ ಅನ್ನಿ ಸಾಕು. ನಾನೂ ಕಂಡೆ ಅಂತೀನಿ. ಸರ್ ನನ್ನ ಮಾತು ತೆಗೆದುಹಾಕಲ್ಲ. ನನ್ನ ಚುಕ್ಕೆ ಉಳಿಯುತ್ತೆ, ನಿಮ್ಮ ಆರ್ಡರೂ ಬರುತ್ತೆ. ಕಂಡಿದ್ದು ಸುಳ್ಳಲ್ಲವಲ್ಲ!"

ಒಂದೇ ಪದ. ಹೌದು ಎಂದರೆ ನಾಳೆ ಸಹಿ. ಅತ್ತೆ ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ. ಮಗಳ ಶಾಲೆಗೆ ಹೋದಾಗ ಅಮ್ಮನ ಕೆಲಸವೇನು ಎಂಬ ಕಡೆ ಧೈರ್ಯವಾಗಿ ಬರೆಯಬಹುದು. ಬಾಯಿ ತೆರೆದೂ ಆಗಿತ್ತು. ಆದರೆ ಕಣ್ಣಿನೊಳಗೆ ಆ ಬಂಡೆಯನ್ನು ಎಷ್ಟು ಸಲ ಮತ್ತೆ ನೋಡಿದರೂ ಒಂದು ಬಾಲ ಮಾತ್ರ ಕಾಣುತ್ತಿತ್ತು. ರೆಕ್ಕೆ ಇತ್ತೇ? ಇತ್ತು ಎಂದುಕೊಂಡರೆ ಇತ್ತು. ಇಲ್ಲ ಎಂದುಕೊಂಡರೆ ಇಲ್ಲ.

"ಬಾಲ ನೋಡಿದೆ ತಾಯಿ," ಎಂದಳು. "ರೆಕ್ಕೆ ನೋಡಲಿಲ್ಲ. ಗೊದಮೊಟ್ಟೆ ಇದ್ದರೂ ಇದ್ದೀತು."

"ಅಕ್ಕಾ..."

"ನೀವಂತೂ ಏನೂ ನೋಡಿಲ್ಲ."

ಚಿಕ್ಕ ಮೇಡಂ ಒದ್ದೆ ಕಲ್ಲಿನ ಮೇಲೆ ಧೊಪ್ಪನೆ ಕೂತಳು. ಆಮೇಲೆ ಮೂಗೊರೆಸಿಕೊಂಡು, "ನಿಮ್ಮಂಥವರ ಜೊತೆ ಕೆಲಸ ಮಾಡೋದಕ್ಕಿಂತ ಆ 'ಸಣ್ಣ ಮೀನು ಐದು' ಅಂತ ಬರೆದ ಪುಣ್ಯಾತ್ಮನೇ ವಾಸಿ," ಎಂದಳು.

"ಹೌದಮ್ಮಾ. ಅವರಿಗೆ ಸಂಬಳವೂ ಜಾಸ್ತಿ ಇತ್ತು."

ಹುಡುಗಿಗೆ ನಗು ತಡೆಯಲಾಗಲಿಲ್ಲ. ನಗುವಿನ ಹಿಂದೆಯೇ ಅಳು. ಬಾಟಲಿಯಮ್ಮನ ಕಾಲು ಮರಗಟ್ಟಿತ್ತು, ಕೈಬೆರಳು ನೆನೆದು ಬಿಳುಚಿತ್ತು. ಫೈಲು ನಾಳೆ ವಾಪಸ್ ಹೋಗುತ್ತದೆ ಎನ್ನುವುದು ಈಗ ಖಚಿತವಾಗಿತ್ತು. ಆದರೂ ಕೂರಲು ಆಗುತ್ತಿರಲಿಲ್ಲ.

ಮೇಲೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಒಮ್ಮೆ, ಇನ್ನೊಮ್ಮೆ.

"ಹೋಗೋಣ್ವಾ?" ಚಿಕ್ಕ ಮೇಡಂ ಬಲೆ ಹಿಂಡುತ್ತ ಕೇಳಿದಳು.

"ಇದು ತಪ್ಪಿದರೆ ನಾಳೆ ಬೆಳಿಗ್ಗೆವರೆಗೆ ಬಸ್ಸಿಲ್ಲ ಅಲ್ವಾ?"

"ಇಲ್ಲ."

ಅವಳು ಫೋನ್ ತೆಗೆದು ಮಗಳಿಗೆ, ಅಜ್ಜಿಯ ಜೊತೆ ಮಲಗು, ಬಾಗಿಲು ಹಾಕಿಕೋ ಎಂದಳು. "ಇಲ್ಲಮ್ಮಾ, ಏನೂ ಸಿಕ್ಕಿಲ್ಲ. ಅದಕ್ಕೇ," ಎಂದು ಫೋನನ್ನು ದಡದ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಬಂಡೆಯ ಬುಡಕ್ಕೆ ಬಗ್ಗಿದಳು.

"ಕೆಳಗಡೆ ಬಲೆ ಹಿಡೀರಿ ತಾಯಿ, ಅಗಲವಾಗಿ. ಈ ಸಲ ನಾನು ಕೈ ಹಾಕಲ್ಲ, ಮೊದಲು ರೆಕ್ಕೆ ನೋಡ್ತೀನಿ."