ಕೈಯಳತೆಯ ಕೋವಿ

"ಇದೂ ಬೇಡ. ಇದನ್ನ ಹಿಡ್ಕೊಂಡು ನಿಂತ್ರೆ ಕರಡಿ ನಕ್ಕೂ ನಕ್ಕೂ ಸಾಯ್ಬೇಕು ಅಷ್ಟೇ," ಎಂದು ಕೆಂಟಿ ನಾಲ್ಕನೆಯ ಕೋವಿಯನ್ನೂ ಗಾಜಿನ ಮೇಜಿನ ಮೇಲೆ ವಾಪಸ್ಸಿಟ್ಟ.

ಅವನ ಹೆಂಡತಿ ಪಾಶಾ ಕಿಟಕಿಯ ಕಡೆ ತಿರುಗಿ ಬಂದರಿನ ದೋಣಿಗಳನ್ನು ನೋಡುತ್ತ ನಿಂತಳು. ಹಾಗೆ ತಿರುಗದಿದ್ದರೆ ಬಾಯಿಂದ ಏನು ಹೊರಬೀಳುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಬಂದವರು ಅವರು. ಒಂದು ಕೋವಿ ಹಗುರ, ಒಂದರ ಬಣ್ಣ ಸರಿಯಿಲ್ಲ, ಇನ್ನೊಂದನ್ನು ಯಾವ ದೇಶದಲ್ಲಿ ಮಾಡಿದರೋ ದೇವರೇ ಬಲ್ಲ. ಮದುವೆಗೆ ಹೆಣ್ಣು ನೋಡುವಾಗಲೂ ಈ ಗಂಡಸು ಇಷ್ಟು ಕೊಂಕು ತೆಗೆದಿರಲಿಲ್ಲ.

ಅವರ ಹಳೆಯ ಕೋವಿ ಕೊಲ್ಲಿಯ ತಳದಲ್ಲಿತ್ತು. ಹೋದ ಶರತ್ಕಾಲದಲ್ಲಿ ಬೇಸಿಗೆಯಲ್ಲಿ ಮೀನು ಹಿಡಿಯಲು ತಂಗುವ, ಕರಡಿ ಕಾಟದ ಬಿಡಾರ ಮುಚ್ಚಿ ಹೊರಡುವಾಗ ಕೆಂಟಿ ಅದನ್ನು ದಡದಿಂದ ದೋಣಿಯೊಳಗೆ ಚಾಚಿದ್ದ. ಪಾಶಾಳ ಕೈಗೆ ಸಿಗುವ ಮೊದಲೇ ಅದು ನೀರಿಗೆ ಬಿತ್ತು. ಅಲೆ ಬಡಿಯಿತು ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ. ಅವತ್ತು ಕೊಲ್ಲಿ ತಟ್ಟೆಯ ಹಾಗೆ ನಿಶ್ಚಲವಾಗಿತ್ತು. ಅವನ ಬಲಗೈ ನಡುಗತೊಡಗಿ ಎರಡು ವರ್ಷವಾಗಿತ್ತು. ವೈದ್ಯರು ಕಾಯಿಲೆಗೆ ಹೆಸರನ್ನೂ ಹೇಳಿದ್ದರು. ಆ ಹೆಸರನ್ನು ಮನೆಯೊಳಗೆ ಇನ್ನೂ ಯಾರೂ ಎತ್ತಿರಲಿಲ್ಲ.

"ಹನ್ನೆರಡು ಬೋರಿಂದು, ಉದ್ದ ನಳಿಗೆ, ಮೂರಂಗುಲದ ತೋಟಾ. ಅಷ್ಟೇ ಕೇಳಿದ್ದು ನಾನು," ಎಂದ ಕೆಂಟಿ.

"ಅಷ್ಟು ದೊಡ್ಡ ತೋಟಾ ಹಾಕಿದ್ರೆ ಭುಜಕ್ಕೆ ಒದೆಯುತ್ತೆ ಕಣಪ್ಪಾ," ಎಂದ ಅಂಗಡಿಯ ವರ್ನರ್. ಅವನಿಗೂ ಸಾಕಾಗಿತ್ತು. "ಹೊಡೆಯೋರು ಯಾರು ಅಂತ ಮೊದಲು ಹೇಳು. ಆಮೇಲೆ ಕೋವಿ ಕೊಡ್ತೀನಿ."

ಕೆಂಟಿ ಕೇಳಿಸದವನ ಹಾಗೆ ಐದನೆಯ ಕೋವಿಗೆ ಕೈ ಚಾಚಿದ.

ಕಾಫಿ ಕುಡಿಯಲೆಂದು ಒಳಬಂದಿದ್ದ ನೀರಿನ ಮೇಲೆ ಇಳಿಯುವ ವಿಮಾನದ ಚಾಲಕನೊಬ್ಬ ನಡುವೆ ಬಾಯಿ ಹಾಕಿದ. "ಮೊದಲನೇದು ಸಣ್ಣ ಚರೆಕಾಳಿನ ತೋಟಾ ತುಂಬಿ, ಆಮೇಲೆ ಒಂಟಿ ಗುಂಡಿಂದು. ಚರೆ ಬಿದ್ರೆ ಕರಡಿ ಮುಖ ಮುಚ್ಕೊಳ್ಳುತ್ತೆ, ಆಗ ಗುಂಡು ಹೊಡೀಬಹುದು."

"ಚರೆ ಅದರ ಕೊಬ್ಬಲ್ಲೇ ನಿಂತುಹೋಗುತ್ತೆ," ಎಂದ ವರ್ನರ್. "ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತೆ. ಗುಂಡೇ ತುಂಬಬೇಕು. ಗಟ್ಟಿ ಸೀಸದ್ದು, ಎಲುಬು ಒಡೆಯೋ ಅಂಥದ್ದು."

"ಖಾರದ ಡಬ್ಬಿ ಇಟ್ಕೊಳ್ಳಿ, ಮುಖಕ್ಕೆ ಸಿಂಪಡಿಸೋದು. ನಮ್ಮ ಅತ್ತಿಗೆ ಅದನ್ನೇ ನಂಬಿರೋದು," ಎಂದ ಚಾಲಕ.

"ನಮ್ಮ ಕೊಲ್ಲಿ ಗಾಳಿಗೆ ಆ ಖಾರ ನನ್ನ ಕಣ್ಣಿಗೇ ಬೀಳುತ್ತೆ," ಎಂದಳು ಪಾಶಾ ತಿರುಗಿ. "ಕರಡಿಗೆ ಮಸಾಲೆ ಹಚ್ಚಿದ ಅಡುಗೆ ಸಿಕ್ಕಂಗಾಯ್ತು. ನೀನು ಕಾಫಿ ಕುಡಿಯಪ್ಪ, ಆರಿಹೋಗ್ತಿದೆ."

ವರ್ನರ್‌ ಬಾಡಿಗೆಗೆ ಕೊಡುವ ಹಳೆಯ ಕೋವಿಯೊಂದನ್ನು ಗೋಡೆಯಿಂದ ಇಳಿಸಿದ. ಹನ್ನೆರಡು ಬೋರಿನದು, ನಳಿಗೆಯ ಕೆಳಗಿನ ಜಾರುಹಿಡಿ ಜಗ್ಗಿ ತೋಟಾ ಏರಿಸುವಂಥದ್ದು. ಜೊತೆಗೆ ಎರಡು ಬಗೆಯ ಗುಂಡಿನ ತೋಟಾ ಎತ್ತಿ ಪಾಶಾಳ ಕೈಗಿಟ್ಟ, ಉದ್ದನೆಯವು ಮತ್ತು ಗಿಡ್ಡವು. "ಜಲ್ಲಿ ಕ್ವಾರಿಗೆ ಹೋಗಿ ಹೊಡೆದು ನೋಡ್ಕೊಂಡು ಬನ್ನಿ. ಇಲ್ಲೇ ಮಾತಾಡ್ತಾ ನಿಂತ್ರೆ ಕ್ರಿಸ್‌ಮಸ್ ಬಂದುಬಿಡುತ್ತೆ."

ಕ್ವಾರಿಯಲ್ಲಿ ಯಾರೋ ಪ್ಲೈವುಡ್ ಹಲಗೆಯೊಂದನ್ನು ಎಣ್ಣೆ ಪೀಪಾಯಿಗೆ ಒರಗಿಸಿಟ್ಟು ಹೋಗಿದ್ದರು. ಕೆಂಟಿಯೇ ಮೊದಲು ನಿಂತ. ಉದ್ದನೆಯ ತೋಟಾ ತೆಗೆದುಕೊಂಡ. ಅದು ಬೆರಳಿಂದ ಜಾರಿ ಜಲ್ಲಿಗೆ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಪಾಶಾ ಬಗ್ಗಲಿಲ್ಲ, ಬಗ್ಗಿದರೆ ಅವನು ಕೂಗಾಡುತ್ತಾನೆಂದು ಗೊತ್ತಿತ್ತು. ಕೊನೆಗೆ ತೋಟಾ ಒಳಹೋಯಿತು. ಕೋವಿ ಭುಜಕ್ಕೇರಿತು. ನಳಿಗೆಯ ತುದಿ ಹಲಗೆಯ ಈ ಅಂಚಿನಿಂದ ಆ ಅಂಚಿಗೆ ನೊಣದ ಹಾಗೆ ಅಲೆಯಿತು. ಈಡು ಹಾರಿದಾಗ ಹಲಗೆಯ ಮೇಲುಗಡೆ, ಬಹಳ ಮೇಲುಗಡೆ, ದಿಬ್ಬದಿಂದ ಮಣ್ಣು ಉದುರಿತು.

"ಬಿಸಿಲು ಕಣ್ಣಿಗೆ ಹೊಡೀತು," ಎಂದ.

ಆಕಾಶ ಪೂರ್ತಿ ಮೋಡ ಕವಿದಿತ್ತು.

"ಹೌದೌದು," ಎಂದು ಪಾಶಾ ಕೋವಿ ಇಸಿದುಕೊಂಡಳು. ಅದೇ ಉದ್ದನೆಯ ತೋಟಾ ತುಂಬಿ ಹೊಡೆದಳು. ಯಾರೋ ದೋಣಿಯ ಹುಟ್ಟಿನಿಂದ ಭುಜಕ್ಕೆ ಬಾರಿಸಿದ ಹಾಗಾಯಿತು. ಎರಡು ಹೆಜ್ಜೆ ಹಿಂದಕ್ಕೆ ತತ್ತರಿಸಿದಳು. ಗುಂಡು ಎಲ್ಲಿ ಹೋಯಿತೋ ಅವಳು ನೋಡಲೂ ಇಲ್ಲ.

"ಗಟ್ಟಿಯಾಗಿ ಹಿಡೀಬೇಕು," ಎಂದ ಕೆಂಟಿ.

"ಹೇಗೆ ಹಿಡೀಲಿ? ನನ್ನ ಕೈಗಿಂತ ಈ ಹಿಡಿನೇ ಉದ್ದ ಇದೆ!" ಅವಳ ಸ್ವರ ಕ್ವಾರಿಯ ಗೋಡೆಗೆ ತಾಗಿ ವಾಪಸ್ಸು ಬಂತು. "ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಒಂದೊಂದು ಕೋವಿನೂ ನಿನ್ನ ಭುಜಕ್ಕೇ ಇಟ್ಟು ನೋಡ್ತೀಯ. ನನ್ನ ಕೈಗೆ ಒಂದ್ಸಲನಾದ್ರೂ ಕೊಟ್ಟೆಯಾ? ಕರಡಿ ಬಂದ್ರೆ ಯಾರು ಹೊಡೀತಾರೆ, ಕೆಂಟಿ? ಬಾಯಿ ಬಿಟ್ಟು ಹೇಳು."

ಕೆಂಟಿ ಜಲ್ಲಿಯನ್ನು ಕಾಲಲ್ಲಿ ಕೆದಕಿದ. "ಹಾಗಿದ್ರೆ ಈ ವರ್ಷ ಬಿಡಾರಕ್ಕೆ ಹೋಗೋದೇ ಬೇಡ. ಮಗಳೂ ಅದನ್ನೇ ಹೇಳ್ತಾ ಇದಾಳೆ."

"ನೀನು ಬೇಡ. ನಾನು ಹೋಗ್ತೀನಿ. ನಮ್ಮಮ್ಮ ಬಲೆ ಹಾಕ್ತಿದ್ದ ಜಾಗ ಅದು. ನನಗೆ ಅಂಗಡಿ ಮೀನು ತಿನ್ನೋಕಾಗಲ್ಲ. ಬರೋದಾದ್ರೆ ಬಾ, ಇಲ್ಲಾಂದ್ರೆ ಮಗಳ ಮನೇಲಿ ಕೂತು ಟೀವಿ ನೋಡು."

ಅವಳು ಸಿಟ್ಟಿನಿಂದಲೇ ಗಿಡ್ಡ ತೋಟಾ ತುಂಬಿದಳು. ಕೋವಿ ಎತ್ತುವಾಗ ಮೊಣಕೈ ಹೊರಗೆ ಚಾಚಿತ್ತು. ಕೆಂಟಿ ಹಿಂದಿನಿಂದ ಬಂದು ಆ ಮೊಣಕೈಯನ್ನು ಒಳಕ್ಕೆ ಒತ್ತಿದ. "ಮುಂದಕ್ಕೆ ಬಾಗು. ಇನ್ನೂ. ಕರಡಿ ನಿಂತ್ಕೊಂಡು ಬರಲ್ಲ, ತಲೆ ತಗ್ಗಿಸ್ಕೊಂಡು ಬರುತ್ತೆ. ಹಲಗೆಯ ಕೆಳಗಡೆ ನೋಡು." ಅವನು ಕೈ ತೆಗೆಯುವವರೆಗೂ ನಳಿಗೆ ನಡುಗಿತು. ತೆಗೆದ ಮೇಲೆ ನಿಂತಿತು.

ಹಲಗೆಯ ಕೆಳಭಾಗ ಚೂರಾಯಿತು. ಅವಳು ಜಗ್ಗಿ ಮತ್ತೆ ಹೊಡೆದಳು. ಮತ್ತೆ ಚೂರಾಯಿತು.

ವಾಪಸ್ಸು ಅಂಗಡಿಗೆ ಬಂದಾಗ ಕೆಂಟಿ ನೇರವಾಗಿ ಮೂಲೆಗೆ ಹೋಗಿ, ಅದೇ ಬಗೆಯ ಹೊಸ ಕೋವಿಯೊಂದನ್ನು ತೆಗೆದ. ಮರದ ಹಿಡಿ, ಗಿಡ್ಡ ನಳಿಗೆ. ಅದನ್ನು ಪಾಶಾಳ ಭುಜಕ್ಕೆ ಇಟ್ಟು, ಅವಳ ಬೆರಳು ಈಡು ಹಾರಿಸುವ ಕುದುರೆಗೆ ಎಷ್ಟು ದೂರ ನಿಲ್ಲುತ್ತದೆಂದು ಬಗ್ಗಿ ನೋಡಿ, ಹಿಡಿಯ ಮೇಲೆ ಉಗುರಿನಿಂದ ಗೀರಿದ.

"ಇಲ್ಲಿಗೆ ಕೊಯ್ದುಬಿಡು," ಎಂದ ವರ್ನರ್‌ಗೆ. "ಹಿಂದೆ ರಬ್ಬರ್ ಹಚ್ಚು, ಭುಜಕ್ಕೆ ಒದೆಯದ ಹಾಗೆ. ತೋಟಾ ಗಿಡ್ಡದ್ದೇ ಇರಲಿ, ಗುಂಡಿಂದು."

ವರ್ನರ್ ಅವನ ಮುಖ ನೋಡಿದ. "ಕೊಯ್ದ ಮೇಲೆ ನಿನ್ನ ಕೈಗೆ ಕೂರಲ್ಲ ಕೆಂಟಿ, ಗೊತ್ತಲ್ಲ?"

"ಅಳತೆ ತೋರಿಸಿದ್ದು ಯಾರ ಕೈದು? ನಿನಗೆ ಕಣ್ಣು ಕಾಣಲ್ವಾ?"

ಗರಗಸದ ಸದ್ದು ಒಳಕೋಣೆಯಿಂದ ಬಂತು. ಕೆಂಟಿ ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತ. ಪಾಶಾಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟಕ್ಕೆ ಇಡೀ ದಿನ ಬೇಕಾಯಿತಲ್ಲ ಎಂದು ಇನ್ನಷ್ಟು ರೇಗಿತು, ರೇಗುತ್ತಲೇ ಕಣ್ಣೊರೆಸಿಕೊಂಡಳು.

ಜೂನಿನಲ್ಲಿ ಬಿಡಾರಕ್ಕೆ ಹೋದ ಮೊದಲ ವಾರವೇ ಕರಡಿ ಬಂತು. ಬಲೆಯಲ್ಲಿ ಸಾಲ್ಮನ್ ಮೀನು ಬಿದ್ದಿತ್ತು. ಇಬ್ಬರೂ ದೋಣಿಯ ಕಡೆ ಇಳಿಯುತ್ತಿದ್ದರು. ಪೊದೆಯ ತಿರುವಿನಲ್ಲಿ ಕಂದು ಬಣ್ಣದ ಗುಡ್ಡವೊಂದು ಎದ್ದು ಇವರತ್ತ ತಿರುಗಿತು. ಪಾಶಾ ಕೋವಿ ಜಗ್ಗಿ ತೋಟಾ ಏರಿಸಿದಳು. ಕರಡಿ ತಲೆ ತಗ್ಗಿಸಿ ಕೆಲವು ಮಾರು ನುಗ್ಗಿ ಬಂದು ನಿಂತಿತು. ಅದರ ಬಾಯಿಯ ನೊರೆ ಕಾಣುತ್ತಿತ್ತು.

"ತಾಳು," ಎಂದ ಕೆಂಟಿ ಅವಳ ಬೆನ್ನ ಹಿಂದಿನಿಂದ, ಮಲಗಿದ ಮಗುವಿನ ಹತ್ತಿರ ಮಾತಾಡುವ ಹಾಗೆ. "ತಾಳು ಪಾಶಾ. ಕಿವಿ ನೋಡು. ಹಿಂದಕ್ಕೆ ಮಲಗಿಲ್ಲ ಇನ್ನೂ, ಮೈಮೇಲೆ ಬರಲ್ಲ."

ಅವಳ ಬೆರಳು ಕುದುರೆಯ ಮೇಲಿತ್ತು. ಕರಡಿ ಉಸಿರು ಬಿಟ್ಟಿತು, ಪಕ್ಕಕ್ಕೆ ನೋಡಿತು, ತಿರುಗಿ ಹುಲ್ಲಿನ ಬಯಲಿಗಿಳಿಯಿತು. ಹೋಗಲಿಲ್ಲ. ದಾರಿಗೂ ದೋಣಿಗೂ ನಡುವೆ ಕುಕ್ಕರಿಸಿ ಕೂತು ಹಸುವಿನ ಹಾಗೆ ಹುಲ್ಲು ಕೀಳತೊಡಗಿತು.

"ಅಯ್ಯೋ ಇವನ," ಎಂದಳು ಪಾಶಾ. "ಕೊಲ್ಲಿ ನೀರು ಇಳೀತಾ ಇದೆ, ಇಳಿದ್ರೆ ದೋಣಿ ಹೊರಡಲ್ಲ. ಬಲೆಯಲ್ಲಿ ಮೀನಿದೆ. ಏಳೋದು ಯಾವಾಗಂತೆ ಇವನು?"

"ಹೋಗಿ ಕೇಳು."

ಅವಳ ತೋಳು ಸೋಲತೊಡಗಿತ್ತು. ಕೆಂಟಿ ಮೀನಿನ ಪೆಟ್ಟಿಗೆಯೊಂದನ್ನು ಎಳೆದು ತಂದು ಅವಳ ಮೊಣಕಾಲ ಹಿಂದೆ ತಳ್ಳಿದ. ಅವಳು ಬಯಲಿನಿಂದ ಕಣ್ಣು ಕೀಳದೆ ಕೂತಳು. ಅವನೂ ಕೂತ, ಅವಳಿಗೆ ಬೆನ್ನು ಕೊಟ್ಟು, ಹಿಂದಿನ ಪೊದೆಗಳ ಕಡೆ ಮುಖ ಮಾಡಿ. ದಪ್ಪ ಕೋಟುಗಳ ಮೂಲಕ ಅವನ ನಡುಕ ಅವಳ ಬೆನ್ನಿಗೆ ಬಂದು ಮುಟ್ಟುತ್ತಿತ್ತು. ಅವಳು ಇನ್ನೂ ಸ್ವಲ್ಪ ಹಿಂದಕ್ಕೊರಗಿದಳು. ಕೆಳಗೆ ಕರಡಿ ಹುಲ್ಲು ಕಿತ್ತು ಕಿತ್ತು ತಿನ್ನುವ ಸದ್ದು ಕೇಳುತ್ತಲೇ ಇತ್ತು.